ಕೈಯಲ್ಲಿ ತಳ್ಳುವ ಲಾನ್ ಮೂವರ್: ಆರನೇ ಬೇಸಿಗೆಯ ಹೊತ್ತಿಗೆ ನನ್ನ ಅನುಭವ

ಕೆಂಗೇರಿ ಉಪನಗರದ ನಮ್ಮ ಮನೆ ಮುಂದೆ ಸುಮಾರು 400 ಚದರ ಅಡಿ ಹುಲ್ಲಿದೆ. ಬರ್ಮುಡಾ ಹುಲ್ಲು. ಗಣಪತಿಗೆ ಏರಿಸುವ ಗರಿಕೆಯ ಜಾತಿಯೇ ಇದು, ಎಲೆ ಸಣ್ಣಗಿರುವ ತಳಿ ಅಷ್ಟೇ. ಇದನ್ನು ಕತ್ತರಿಸಲು 2020ರ ಜನವರಿಯಲ್ಲಿ ಕೈಯಲ್ಲಿ ತಳ್ಳುವ ರೀಲ್ ಮೂವರ್ ತಂದೆವು. 14 ಇಂಚು ಅಗಲ, ಐದು ಬ್ಲೇಡ್, ಹಿಂದೆ ಒಂದು ರೋಲರ್, ಎತ್ತರ ಬದಲಿಸಲು ನಾಲ್ಕು ಹಂತ. ಆಗ ಕೊಟ್ಟಿದ್ದು 6,500 ರೂಪಾಯಿ. ಕರೆಂಟ್ ಬೇಡ, ಪೆಟ್ರೋಲ್ ಬೇಡ. ತಂದ ವಾರವೇ ಬರೆದಿದ್ದರೆ ಐದು ಸ್ಟಾರ್ ಕೊಡುತ್ತಿದ್ದೆ. ಮರುವರ್ಷ ಬರೆದಿದ್ದರೆ ಎರಡು. ಈಗ ನಾಲ್ಕು ಕೊಡುತ್ತೇನೆ.

ಆ ಎರಡು ಸ್ಟಾರಿನ ಕಥೆ ಮೊದಲು ಹೇಳಬೇಕು. 2021ರ ಮಾರ್ಚ್‌ನಲ್ಲಿ ಹುಲ್ಲು ಕತ್ತರಿಸಿದ ಎರಡೇ ದಿನಕ್ಕೆ ಲಾನ್ ಪೂರ್ತಿ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ನೀರು ಸಾಲುತ್ತಿಲ್ಲ ಅಂದುಕೊಂಡು ದಿನಕ್ಕೆರಡು ಸಲ ಪೈಪ್ ಹಿಡಿದೆ. ಆಗಲೂ ಸರಿಹೋಗಲಿಲ್ಲ. ಯೂರಿಯಾ ಎರಚಿದೆ, ಕೈ ಸ್ವಲ್ಪ ಜಾಸ್ತಿಯಾಗಿ ಮೂರು ಕಡೆ ಹುಲ್ಲು ಸುಟ್ಟೇ ಹೋಯಿತು. ವರ್ಷಕ್ಕೆ ಎರಡು ಸಲ ಮಣ್ಣು ಹಾಕಲು ಬರುವ ಮಾಲಿ ಬಂದಾಗ ಕುಕ್ಕರುಗಾಲಲ್ಲಿ ಕೂತು ಒಂದು ಗರಿ ಕಿತ್ತು ತೋರಿಸಿದರು. "ಅಕ್ಕ, ತುದಿ ನೋಡಿ. ಇದು ಕತ್ತರಿಸಿದ್ದಲ್ಲ, ಹರಿದಿದ್ದು. ನಿಮ್ಮ ಮಿಷನ್ ಮೊಂಡಾಗಿದೆ." ತುದಿಯಲ್ಲಿ ನಿಜವಾಗಿಯೂ ಬಿಳಿ ನಾರು ಎದ್ದಿತ್ತು. ಬೂದು ಬಣ್ಣ ಬಂದಿದ್ದು ಅಲ್ಲಿಂದ. ಹರಿದ ತುದಿ ಒಣಗುತ್ತದೆ, ನೀರೂ ಅಲ್ಲಿಂದಲೇ ಬೇಗ ಆರುತ್ತದೆ. ನೀರು ಸುರಿದು ಸರಿಮಾಡುವ ರೋಗವೇ ಅಲ್ಲ ಅದು.

ರೀಲ್ ಮೂವರ್ ಕೆಲಸ ಮಾಡುವುದು ಕತ್ತರಿ ಹಾಗೆ. ಚಕ್ರ ಉರುಳಿದಂತೆ ಐದು ಬ್ಲೇಡ್‌ಗಳ ಸುರುಳಿ ತಿರುಗುತ್ತದೆ. ಕೆಳಗೆ ಅಲುಗಾಡದ ಒಂದು ಉಕ್ಕಿನ ಪಟ್ಟಿ ಇರುತ್ತದೆ. ಹುಲ್ಲು ಎರಡರ ನಡುವೆ ಸಿಕ್ಕಿ ಕತ್ತರಿಸಿಕೊಳ್ಳುತ್ತದೆ. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಮೊದಲ ಮೂವರ್ ಮಾಡಿದ್ದು ಉಣ್ಣೆ ಬಟ್ಟೆಯ ಮೇಲಿನ ಜುಂಗನ್ನು ಸವರುವ ಯಂತ್ರ ನೋಡಿಯಂತೆ. ಇವತ್ತಿಗೂ ಮೂಲ ಉಪಾಯ ಅದೇ. ಬ್ಲೇಡ್ ಮತ್ತು ಪಟ್ಟಿ ಒಂದಕ್ಕೊಂದು ಸವರಿಕೊಂಡು ಹೋಗಬೇಕು. ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟರೂ ಹುಲ್ಲು ಮಡಚಿಕೊಂಡು ಹರಿಯುತ್ತದೆ. ಇಷ್ಟು ಮುಖ್ಯವಾದ ವಿಷಯಕ್ಕೆ ಮೂವರ್ ಜೊತೆ ಬಂದ ಪುಸ್ತಿಕೆಯಲ್ಲಿ ಎರಡು ಸಾಲು ಇತ್ತು. ನನಗೆ ಇಂದಿಗೂ ಬೇಸರ ಇರುವುದು ಅದರ ಬಗ್ಗೆ.

ಆಮೇಲಿಂದ ಪ್ರತಿ ವರ್ಷ ಶಿವರಾತ್ರಿಯ ಆಸುಪಾಸಿನ ಒಂದು ಭಾನುವಾರ ಇದಕ್ಕೇ ಮೀಸಲು. ಡಿಸೆಂಬರ್, ಜನವರಿ ಚಳಿಯಲ್ಲಿ ಮಂಕಾಗಿದ್ದ ಹುಲ್ಲು ಫೆಬ್ರವರಿ ಕೊನೆಗೆ ಚಿಗುರಲು ಶುರು ಮಾಡುತ್ತದೆ. ಅಷ್ಟರಲ್ಲಿ ಬ್ಲೇಡ್ ಹರಿತವಾಗಿರಬೇಕು. ಮೊದಲು ಒಣಹುಲ್ಲು, ಮಣ್ಣು ಎಲ್ಲ ಬ್ರಶ್‌ನಲ್ಲಿ ಉಜ್ಜಿ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸುತ್ತೇನೆ. ಆಮೇಲೆ ನ್ಯೂಸ್ ಪೇಪರ್ ಪರೀಕ್ಷೆ. ಪೇಪರಿನ ಒಂದು ಚೂರನ್ನು ಬ್ಲೇಡ್ ಮತ್ತು ಪಟ್ಟಿಯ ನಡುವೆ ಹಿಡಿದು ರೀಲ್ ಅನ್ನು ಮೆಲ್ಲಗೆ ತಿರುಗಿಸಬೇಕು. ಬೆರಳು ಮಾತ್ರ ಹುಷಾರು, ದಪ್ಪ ಕೈಗವಸು ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಎಡ ತುದಿ, ಮಧ್ಯ, ಬಲ ತುದಿ, ಮೂರೂ ಕಡೆ ಪೇಪರ್ ಚಕ್ಕನೆ ಕತ್ತರಿಸಬೇಕು. ಮಡಚಿದರೆ ಆ ಬದಿಯಲ್ಲಿ ಪಟ್ಟಿಯನ್ನು ಹಿಡಿದಿರುವ ಸ್ಕ್ರೂ ಕಾಲು ಸುತ್ತು ಬಿಗಿ ಮಾಡಿ, ಮತ್ತೆ ನೋಡಿ. ಜಾಸ್ತಿ ಬಿಗಿ ಮಾಡಿದರೆ ಕಬ್ಬಿಣ ಕೆರೆಯುವ ಸದ್ದು ಬರುತ್ತದೆ, ತಳ್ಳಲು ಭುಜ ನೋಯುತ್ತದೆ. ಎಷ್ಟೋ ಸಲ ಈ ಬಿಗಿ ಮಾಡುವುದರಲ್ಲೇ ಕೆಲಸ ಮುಗಿದುಹೋಗಿದೆ, ಸಾಣೆಯೇ ಬೇಕಾಗಿಲ್ಲ.

ಆಗಲೂ ಕತ್ತರಿಸದಿದ್ದರೆ ಮಾತ್ರ ಸಾಣೆ. ಜೆ.ಸಿ. ರಸ್ತೆಯ ಆಟೊ ಸ್ಪೇರ್ಸ್ ಅಂಗಡಿಯಲ್ಲಿ ಎಂಜಿನ್ ವಾಲ್ವ್ ಉಜ್ಜುವ ಗ್ರೈಂಡಿಂಗ್ ಪೇಸ್ಟ್ ಸಿಗುತ್ತದೆ, ಚಿಕ್ಕ ಡಬ್ಬಿ ಸಾಕು. ಅದನ್ನು ಬ್ಲೇಡ್ ಅಂಚಿಗೆ ಸವರಿ, ಒಂದು ಚಕ್ರ ಬಿಚ್ಚಿ, ರೀಲ್ ಅನ್ನು ಹಿಂದಕ್ಕೆ ತಿರುಗಿಸಬೇಕು. ಮುಂದಕ್ಕಲ್ಲ, ಹಿಂದಕ್ಕೆ. ಹತ್ತು ನಿಮಿಷದಲ್ಲಿ ಎರಡೂ ಅಂಚು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಮುಗಿದ ಮೇಲೆ ಪೇಸ್ಟ್ ಪೂರ್ತಿ ತೊಳೆಯದಿದ್ದರೆ ಅದು ತಿನ್ನುತ್ತಲೇ ಇರುತ್ತದೆ. ತೊಳೆದು, ಒರೆಸಿ, ಎಣ್ಣೆ ಹಚ್ಚಿ. ಆರು ವರ್ಷದಲ್ಲಿ ನಾನು ಪೇಸ್ಟ್ ಬಳಸಿದ್ದು ಮೂರೇ ಸಲ.

ಹರಿತ ಮಾಡಿದ ಮಾರನೇ ದಿನ ಒಂದು ಹಂತ ತಗ್ಗಿಸಿ ಹುಲ್ಲು ಕತ್ತರಿಸಿ, ಚಳಿಗಾಲದ ಒಣಕಸವನ್ನು ಕುಂಟೆಯಲ್ಲಿ ಎಳೆದು ತೆಗೆಯುತ್ತೇನೆ. ಆಮೇಲೆ ಜರಡಿ ಹಿಡಿದ ಕೆಂಪು ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ ಕಾಲು ಇಂಚಿನಷ್ಟು ತೆಳುವಾಗಿ ಹರಡುವುದು. ಗರಿ ಮುಚ್ಚಿಹೋಗಬಾರದು. ಯುಗಾದಿ ಹೊತ್ತಿಗೆ ಲಾನ್ ತುಂಬಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಒಂದೇ ನಿಯಮ, ಒಂದು ಸಲಕ್ಕೆ ಗರಿಯ ಉದ್ದದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಕತ್ತರಿಸಿದ ಚೂರು ಅಲ್ಲೇ ಬಿಡುತ್ತೇನೆ, ಸಣ್ಣದಿರುವುದರಿಂದ ಎರಡು ದಿನದಲ್ಲಿ ಕಾಣದಂತಾಗಿ ಮಣ್ಣಿಗೇ ಗೊಬ್ಬರವಾಗುತ್ತದೆ. ಹಾಗಾಗಿ ಜೊತೆಗೆ ಬಂದ ಚೀಲ ಅಟ್ಟದ ಮೇಲಿದೆ. ಅದು ಹೇಗೂ ಅರ್ಧ ಹುಲ್ಲು ಹೊರಗೇ ಚೆಲ್ಲುತ್ತಿತ್ತು.

ಈ ಮೂವರ್ ಬೆಲೆ ನನಗೆ ಸರಿಯಾಗಿ ಗೊತ್ತಾಗಿದ್ದು 2024ರಲ್ಲಿ. ಆ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ, ಗಾಡಿ ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಮಾಡಿತು. ಬೇಕಾಗಿಯೇ ಇತ್ತು ಆ ಆದೇಶ. ನಮ್ಮ ಬೀದಿಯಲ್ಲೇ ಕೊಡ ಹಿಡಿದು ಟ್ಯಾಂಕರ್‌ಗೆ ಕಾಯುವವರಿದ್ದರು. 400 ಚದರ ಅಡಿಗೆ ಒಂದು ಇಂಚು ನೀರು ನಿಲ್ಲಿಸಬೇಕೆಂದರೆ ಸುಮಾರು 950 ಲೀಟರ್ ಬೇಕು. ಅದನ್ನು ಯಾವ ಮನಸ್ಸಿನಿಂದ ಹುಲ್ಲಿಗೆ ಸುರಿಯುವುದು ಹೇಳಿ? ವಾಷಿಂಗ್ ಮಿಷನ್‌ನ ಕೊನೆಯ ಸಲದ ನೀರು, ಅಕ್ಕಿ ತೊಳೆದ ನೀರು, ಇಷ್ಟೇ ಕೊಟ್ಟಿದ್ದು. ಜೊತೆಗೆ ಮೂವರ್ ಅನ್ನು ಎಲ್ಲಕ್ಕಿಂತ ಮೇಲಿನ ಹಂತಕ್ಕೆ, ಅಂದರೆ ಮುಕ್ಕಾಲು ಇಂಚಿನಿಂದ ಒಂದೂ ಮುಕ್ಕಾಲು ಇಂಚಿಗೆ ಏರಿಸಿದೆ. ವಾರಕ್ಕೊಮ್ಮೆ ಕತ್ತರಿಸುತ್ತಿದ್ದವಳು ಹನ್ನೆರಡು ದಿನಕ್ಕೊಮ್ಮೆ ಮಾಡಿದೆ. ಗರಿ ಉದ್ದ ಇದ್ದಷ್ಟೂ ಬೇರು ಕೆಳಗಿಳಿಯುತ್ತದೆ, ಮಣ್ಣಿಗೂ ನೆರಳಾಗುತ್ತದೆ. ಏಪ್ರಿಲ್ ಪೂರ್ತಿ ಒಂದು ಹನಿ ಮಳೆ ಬರಲಿಲ್ಲ. ಕಾಂಪೌಂಡ್ ಪಕ್ಕದ ಒಂದು ಪಟ್ಟಿ ಹಳದಿಯಾಯಿತು, ಉಳಿದದ್ದು ಬಣ್ಣ ಕಳೆದುಕೊಂಡರೂ ಜೀವ ಹಿಡಿದುಕೊಂಡಿತ್ತು. ಮೇ ಮೊದಲ ವಾರದ ಮಳೆ ಬಿದ್ದ ಮೂರನೇ ದಿನ ಹಳದಿ ಪಟ್ಟಿಯಲ್ಲೂ ಹಸಿರು ಮೊಳೆ ಕಂಡಾಗ ಅಮ್ಮನನ್ನು ಕೈಹಿಡಿದು ಹೊರಗೆ ಕರೆತಂದು ತೋರಿಸಿದೆ. ಬೆಳಗ್ಗೆ ಬರಿಗಾಲಲ್ಲಿ ಆ ಹುಲ್ಲಿನ ಮೇಲೆ ನಡೆಯುವವರು ಅವರೇ.

ಇನ್ನು ಕೊರತೆಗಳು. ಎರಡನೇ ವರ್ಷ ಹಿಡಿಕೆಯ ಪ್ಲಾಸ್ಟಿಕ್ ಜೋಡಣೆ ಸೀಳಿತು. ಮಾರಿದವರಿಗೆ ನಾಲ್ಕು ಸಲ ಫೋನ್ ಮಾಡಿದರೂ ಬಿಡಿಭಾಗ ಬರಲಿಲ್ಲ. ಕೊನೆಗೆ ಪಕ್ಕದ ವೆಲ್ಡಿಂಗ್ ಅಂಗಡಿಯವರು 250 ರೂಪಾಯಿಗೆ ಕಬ್ಬಿಣದ ಪಟ್ಟಿ ಹಾಕಿಕೊಟ್ಟರು, ಇವತ್ತಿಗೂ ಗಟ್ಟಿಯಾಗಿದೆ. ನಾಲ್ಕನೇ ವರ್ಷ ಒಂದು ಚಕ್ರ ಸುಮ್ನೆ ಉರುಳಲು ಶುರುವಾಯಿತು, ರೀಲ್ ತಿರುಗುತ್ತಿರಲಿಲ್ಲ. ಚಕ್ರದೊಳಗೆ ಸೈಕಲ್ ಫ್ರೀವೀಲ್ ತರಹದ ಒಂದು ವ್ಯವಸ್ಥೆ ಇದೆ. ಅದರ ಉಕ್ಕಿನ ತುಂಡು ಜಿಡ್ಡು ಕಟ್ಟಿ ಅಂಟಿಕೊಂಡಿತ್ತು. ತೆಗೆದು ತೊಳೆದು ಹಾಕಿದರೆ ಆಯಿತು, ಆದರೆ ಯಾವ ದಿಕ್ಕಿನಲ್ಲಿತ್ತು ಅಂತ ಫೋಟೊ ತೆಗೆದಿಟ್ಟುಕೊಳ್ಳಿ. ತಿರುಗಮುರುಗ ಹಾಕಿದರೆ ಮೂವರ್ ಕೆಲಸ ಮಾಡುವುದಿಲ್ಲ.

ಕೊನ್ನಾರಿ ಗಡ್ಡೆಯ ಕಳೆಗೆ ಇದರಿಂದ ಏನೂ ಉಪಯೋಗವಿಲ್ಲ. ಅದರ ಹೂಕಡ್ಡಿ ಬ್ಲೇಡ್ ಕೆಳಗೆ ಬಗ್ಗಿ ಮತ್ತೆ ಎದ್ದು ನಿಲ್ಲುತ್ತದೆ. ಮಳೆ ಬಂದ ಮಾರನೇ ದಿನ ಗಡ್ಡೆ ಸಮೇತ ಅಗೆದು ತೆಗೆಯುವುದೇ ದಾರಿ. ಪಕ್ಕದ ಮನೆಯ ಹೊಂಗೆ ಮರದ ಕಡ್ಡಿ ಸಿಕ್ಕಿದರೆ ರೀಲ್ ಗಕ್ಕನೆ ನಿಲ್ಲುತ್ತದೆ, ಹಾಗಾಗಿ ಮೊದಲು ಗುಡಿಸಲೇಬೇಕು. ಊರಿಗೆ ಹೋಗಿ ಮೂರು ವಾರ ಬಿಟ್ಟು ಬಂದರೆ, ಅದರಲ್ಲೂ ಮಳೆಗಾಲದಲ್ಲಿ, ಉದ್ದ ಬೆಳೆದ ಹುಲ್ಲನ್ನು ಇದು ಕತ್ತರಿಸುವುದಿಲ್ಲ, ಮಲಗಿಸುತ್ತದೆ. ಆಗ ಮಾಲಿ ಕುಡುಗೋಲಿನಲ್ಲಿ ಸವರಿದ ಮೇಲೆಯೇ ತಳ್ಳಬೇಕು.

ಸಾವಿರ ಚದರ ಅಡಿ ಮೀರಿದ ಲಾನ್ ಇದ್ದರೆ ಅಥವಾ ತಿಂಗಳಿಗೊಮ್ಮೆ ಮಾತ್ರ ಕೈ ಹಾಕುವವರಾದರೆ ಇದು ಬೇಡ, ಮೋಟರ್ ಇರುವುದನ್ನೇ ನೋಡಿ. ಚಿಕ್ಕ ಲಾನ್, ವಾರಕ್ಕೆ ಇಪ್ಪತ್ತು ನಿಮಿಷ ಕೊಡಬಲ್ಲಿರಿ ಅಂದರೆ ಧೈರ್ಯವಾಗಿ ತಗೊಳ್ಳಿ. ಅಂಗಡಿಯಲ್ಲಿ ಬಣ್ಣ, ಚೀಲ ನೋಡಬೇಡಿ. ಕೆಳಗಿನ ಪಟ್ಟಿ ಬಿಗಿ ಮಾಡುವ ಸ್ಕ್ರೂ ಎರಡೂ ಬದಿಗೆ ಇದೆಯಾ, ಎತ್ತರ ಒಂದೂವರೆ ಇಂಚಿಗಿಂತ ಮೇಲಕ್ಕೆ ಹೋಗುತ್ತದಾ ಅಂತ ನೋಡಿ. ಕೈಯಲ್ಲಿ ಒಂದು ಹಳೇ ಪೇಪರ್ ಇಟ್ಟುಕೊಂಡೇ ಹೋಗಿ, ಅಲ್ಲೇ ಕತ್ತರಿಸಿ ತೋರಿಸಲು ಹೇಳಿ.