ಕ್ರಿಟಿಕಲ್ ಇಲ್ನೆಸ್ ಪಾಲಿಸಿ: ಒಂದೇ ಕುಟುಂಬ, ಎರಡು ಕ್ಲೇಮು

5ರಲ್ಲಿ 3.5 ಸ್ಟಾರ್. ನನಗೆ ಬಂದ ದುಡ್ಡಿಗೆ 5 ಕೊಡಬೇಕು. ನಮ್ಮ ಭಾವನಿಗೆ ಬಂದ ಕಾಗದಕ್ಕೆ 2 ಕೊಡುವುದೇ ಜಾಸ್ತಿ. ಕೂಡಿ ಭಾಗಿಸಿದರೆ ಬರುವುದು ಇಷ್ಟೇ.

ಇಬ್ಬರದ್ದೂ ಒಂದೇ ಕಂಪನಿ, ಒಂದೇ ಪಾಲಿಸಿ. ಒಬ್ಬನೇ ಏಜೆಂಟ್, ಒಂದೇ ದಿನ ಕೂತು ಸಹಿ ಹಾಕಿದ್ದು. ಕಂಪನಿ ಹೆಸರು ಬರೆಯುವುದಿಲ್ಲ, ಕೇಳಬೇಡಿ. ಬರೆದರೂ ದೊಡ್ಡ ಉಪಯೋಗ ಇಲ್ಲ, ಯಾಕೆಂದರೆ ಈ ತರಹದ ಪಾಲಿಸಿಗಳ ಒಳಗಿನ ಮಾತು ಹೆಚ್ಚುಕಡಿಮೆ ಎಲ್ಲಾ ಕಡೆ ಒಂದೇ.

ಮೊದಲು ಇದು ಏನು ಅಂತ ಹೇಳಿಬಿಡುತ್ತೇನೆ, ಏಕೆಂದರೆ ನಾನೇ ಮೊದಲ ಎರಡು ವರ್ಷ ಇದನ್ನು ಆರೋಗ್ಯ ವಿಮೆ ಅಂದುಕೊಂಡಿದ್ದೆ. ಅಲ್ಲ. ಆರೋಗ್ಯ ವಿಮೆ ಆಸ್ಪತ್ರೆ ಬಿಲ್ಲು ನೋಡಿ ಆ ಬಿಲ್ಲಿನಷ್ಟು ಕೊಡುತ್ತದೆ. ಇದು ಬಿಲ್ಲು ಕೇಳುವುದಿಲ್ಲ. ಪಟ್ಟಿಯಲ್ಲಿರುವ ಕಾಯಿಲೆ ಬಂದಿದೆ ಅಂತ ಸಾಬೀತಾದರೆ ಪಾಲಿಸಿಯಲ್ಲಿ ಬರೆದಿರುವ ಪೂರ್ತಿ ಮೊತ್ತವನ್ನು ಇಡಿಗಂಟಾಗಿ ಕೈಗೆ ಕೊಟ್ಟುಬಿಡುತ್ತದೆ. ಅದರಲ್ಲಿ ಔಷಧಿ ತಗೊಳ್ಳುತ್ತೀರೋ, ಸಾಲ ತೀರಿಸುತ್ತೀರೋ, ಸುಮ್ನೆ ಬ್ಯಾಂಕಿನಲ್ಲಿ ಇಡುತ್ತೀರೋ, ಯಾರೂ ಕೇಳುವುದಿಲ್ಲ.

ನಾನು ಬಟ್ಟೆ ಹೊಲಿಯುವವಳು. ಸ್ವಂತ ಮೆಷಿನ್ನು, ಸ್ವಂತ ಗಿರಾಕಿಗಳು. ಹೊಲಿದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ಪಾಲಿಸಿ ತಗೊಂಡ ನಾಲ್ಕನೇ ವರ್ಷ ಎದೆಯಲ್ಲಿ ಗಂಟು ಸಿಕ್ಕಿತು. ಬಯಾಪ್ಸಿ ಆಯಿತು. ರಿಪೋರ್ಟು ಎರಡೇ ಪುಟ, ಅದರಲ್ಲಿ ನನಗೆ ಬೇಕಾದದ್ದು ಕೊನೆಯ ಒಂದೇ ಸಾಲು: ಇನ್ವೇಸಿವ್ ಡಕ್ಟಲ್ ಕಾರ್ಸಿನೋಮಾ, ಗ್ರೇಡ್ 2. ಡಾಕ್ಟರು ಆ ಇನ್ವೇಸಿವ್ ಅನ್ನುವ ಪದದ ಕೆಳಗೆ ಪೆನ್ನಿನಿಂದ ಗೆರೆ ಎಳೆದು, ಅಂದರೆ ಪಕ್ಕದ ಅಂಗಾಂಶಕ್ಕೂ ಹರಡಲು ಶುರುವಾಗಿದೆ ಅಂತ ಮೆಲ್ಲಗೆ ಹೇಳಿದರು. ಆ ಪದ ಎರಡು ರಾತ್ರಿ ನಿದ್ದೆ ಕೆಡಿಸಿತು.

ವಾರ ಕಳೆದ ಮೇಲೆ ಕ್ಲೇಮಿಗೆ ಫೋನು ಮಾಡಿದಾಗ ಆ ಕಡೆಯ ಹುಡುಗಿ ಕೇಳಿದ ಮೊದಲ ಪ್ರಶ್ನೆಯೇ ಅದು. "ಮೇಡಂ, ರಿಪೋರ್ಟಿನಲ್ಲಿ ಇನ್ವೇಸಿವ್ ಅಂತ ಇದೆಯಾ, ಇನ್ ಸಿಟು ಅಂತ ಇದೆಯಾ?" ಇನ್ವೇಸಿವ್ ಅಂದೆ. "ಹಾಗಾದರೆ ತೊಂದರೆ ಇಲ್ಲ ಮೇಡಂ" ಅಂದಳು. ತೊಂದರೆ ಇಲ್ಲವಂತೆ! ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಆದರೆ ಅವಳು ಹೇಳಿದ್ದು ನಿಜ. ಕ್ಯಾನ್ಸರ್ ಹುಟ್ಟಿದ ಜಾಗದಲ್ಲೇ ಕೂತಿದ್ದರೆ, ಅಂದರೆ ಇನ್ ಸಿಟು ಆಗಿದ್ದರೆ, ತುಂಬಾ ಪಾಲಿಸಿಗಳು ಏನೂ ಕೊಡುವುದಿಲ್ಲ, ಕೆಲವು ಮೊತ್ತದ ಒಂದು ಪಾಲು ಮಾತ್ರ ಕೊಡುತ್ತವೆ. ಮೆಲನೋಮ ಅಲ್ಲದ ಚರ್ಮದ ಕ್ಯಾನ್ಸರ್, ತೀರಾ ಆರಂಭದ ಪ್ರಾಸ್ಟೇಟ್ ಕ್ಯಾನ್ಸರ್ ಇವೂ ಸಾಮಾನ್ಯವಾಗಿ ಹೊರಗೆ. ನನ್ನನ್ನು ಹೆದರಿಸಿದ ಪದವೇ ನನಗೆ ದುಡ್ಡು ಕೊಡಿಸಿತು.

ಕ್ಲೇಮು ಸಲೀಸಾಗಿ ಆಯಿತು ಅಂತ ಸುಳ್ಳು ಹೇಳುವುದಿಲ್ಲ. ಮೊದಲು ಸರ್ವೈವಲ್ ಪೀರಿಯಡ್ ಅಂತ ಒಂದಿದೆ. ಕಾಯಿಲೆ ಪತ್ತೆಯಾದ ದಿನದಿಂದ ಇಷ್ಟು ದಿನ ರೋಗಿ ಬದುಕಿರಬೇಕು, ಆಮೇಲೇ ದುಡ್ಡು. ಕೆಲವರದ್ದು 14 ದಿನ, ನನ್ನದು 30. ನನ್ನ ಗಂಡ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸಣ್ಣ ಚುಕ್ಕೆ ಇಟ್ಟಿದ್ದರು. ಯಾಕೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಇದು ಬದುಕಿ ಉಳಿದವರ ಖರ್ಚಿಗೆ ಅಂತ ಮಾಡಿದ ಪಾಲಿಸಿ, ಸತ್ತರೆ ಕೊಡಲು ಜೀವ ವಿಮೆ ಬೇರೆ ಇದೆ ಅನ್ನುವ ಲೆಕ್ಕ. ಲೆಕ್ಕ ಸರಿಯೇ ಇರಬಹುದು. ಓದುವಾಗ ಮಾತ್ರ ಮೈ ಜುಮ್ಮೆನ್ನುತ್ತದೆ.

ಆಮೇಲೆ ಪ್ರಶ್ನೆಗಳು. ನನಗೆ ಮೊದಲಿಂದ ಥೈರಾಯ್ಡ್ ಮಾತ್ರೆ ಇದೆ. ಪಾಲಿಸಿ ತಗೊಳ್ಳುವಾಗ ಏಜೆಂಟ್ "ಮೇಡಂ, ಅದೆಲ್ಲಾ ಬರೆಯೋದು ಬೇಡ, ಸುಮ್ನೆ ಪ್ರೀಮಿಯಂ ಜಾಸ್ತಿ ಆಗುತ್ತೆ" ಅಂದಿದ್ದ. ನಾನು ಬರೆದೆ. ಧೈರ್ಯ ಅಂತ ಏನೂ ಅಲ್ಲ, ಸುಳ್ಳು ಬರೆದರೆ ನನಗೆ ಹೊಟ್ಟೆ ಕಿವುಚಿದ ಹಾಗೆ ಆಗುತ್ತದೆ ಅಷ್ಟೇ. ನಾಲ್ಕು ವರ್ಷ ಆದ ಮೇಲೆ ಕಂಪನಿಯಿಂದ ಪತ್ರ ಬಂತು: ಥೈರಾಯ್ಡ್ ಮಾತ್ರೆ ಯಾವ ವರ್ಷದಿಂದ, ಯಾವ ಡಾಕ್ಟರು, ಹಳೆಯ ಚೀಟಿ ಕಳಿಸಿ. ಕಳಿಸಿದೆ. ಅಲ್ಲಿಗೆ ಆ ಮಾತು ಮುಗಿಯಿತು. ಬರೆಯದೇ ಬಿಟ್ಟಿದ್ದರೆ ಕ್ಯಾನ್ಸರಿಗೂ ಥೈರಾಯ್ಡಿಗೂ ಸಂಬಂಧ ಇಲ್ಲ ಅಂತ ಜಗಳ ಆಡುತ್ತಾ ನಾನು ಕೀಮೋ ತಗೊಳ್ಳಬೇಕಿತ್ತು. ಏಜೆಂಟಿನ ಮಾತು ಕೇಳಿ ಸಕ್ಕರೆ ಕಾಯಿಲೆ, ಬಿಪಿ, ಸಿಗರೇಟು ಮುಚ್ಚಿಡುವವರು ದಯವಿಟ್ಟು ಇಲ್ಲಿ ಒಂದು ನಿಮಿಷ ನಿಲ್ಲಿ. ಕ್ಲೇಮು ತಿರಸ್ಕಾರ ಆದಾಗ ಏಜೆಂಟ್ ಫೋನು ಎತ್ತುವುದಿಲ್ಲ.

ಫಾರಂ ಕೊಟ್ಟ 51ನೇ ದಿನ ದುಡ್ಡು ಖಾತೆಗೆ ಬಂತು. ನನ್ನ ಎರಡೂವರೆ ವರ್ಷದ ಸಂಪಾದನೆಯಷ್ಟು.

ಈಗ ಅದು ಎಲ್ಲಿ ಹೋಯಿತು ಅಂತ ಹೇಳಬೇಕು, ಅಸಲು ವಿಷಯ ಅಲ್ಲೇ ಇರುವುದು. ಆಪರೇಷನ್ನು, ಕೀಮೋ, ರೇಡಿಯೇಷನ್ನು ಇದರ ದೊಡ್ಡ ಬಿಲ್ಲುಗಳನ್ನು ಆರೋಗ್ಯ ವಿಮೆಯೇ ನೋಡಿಕೊಂಡಿತು. ನನ್ನ ಹತ್ತಿರ ಒಂದು ಲೆಕ್ಕದ ಪುಸ್ತಕ ಇದೆ, ಗಿರಾಕಿಗಳ ಅಳತೆ ಬರೆಯುವ ಪುಸ್ತಕ. ಅದರ ಹಿಂದಿನ ಹಾಳೆಗಳಲ್ಲಿ ಆ ವರ್ಷದ ಖರ್ಚು ಬರೆದಿದ್ದೇನೆ. ಟ್ಯಾಕ್ಸಿ. ಟ್ಯಾಕ್ಸಿ. ವಿಗ್ಗು. ಟ್ಯಾಕ್ಸಿ. ಬಾಯಿ ಹುಣ್ಣಿನ ಔಷಧಿ. ಮನೆ ಬಾಡಿಗೆ. ಮೆಷಿನ್ನಿನ ಸಾಲದ ಕಂತು. ಅಡುಗೆಗೆ ಬಂದವರ ಸಂಬಳ. ಟ್ಯಾಕ್ಸಿ. ಮಗನ ಫೀಸು. ನನ್ನ ಗಂಡ ಎರಡು ತಿಂಗಳು ಸಂಬಳ ಇಲ್ಲದ ರಜೆ ಹಾಕಿದ್ದು. ಒಂದು ಸಾಲು ಕೂಡ ಆರೋಗ್ಯ ವಿಮೆಯವರಿಗೆ ಕಳಿಸುವಂಥದ್ದಲ್ಲ.

ಕೀಮೋ 21 ದಿನಕ್ಕೊಮ್ಮೆ. ಕೊನೆಕೊನೆಗೆ ಬೆರಳ ತುದಿ ಮರಗಟ್ಟಿಹೋಯಿತು. ಆ ಔಷಧಿಗಳಲ್ಲಿ ಕೆಲವು ನರಗಳಿಗೆ ಹಾಗೆ ಮಾಡುತ್ತವೆ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಚಿಕಿತ್ಸೆ ಮುಗಿಯಿತು, ಎಲ್ಲರೂ ಸಿಹಿ ತಂದರು, ನಾನು ಮೆಷಿನ್ನಿನ ಮುಂದೆ ಕೂತೆ, ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಸೂಜಿ ಕೈಯಲ್ಲಿದೆಯೋ ಬಿದ್ದಿದೆಯೋ ನೋಡಿಯೇ ತಿಳಿಯಬೇಕು. ಮೊದಲಿನ ಹಾಗೆ ಹೊಲಿಯಲು ಇನ್ನೂ ಏಳೆಂಟು ತಿಂಗಳು ಬೇಕಾಯಿತು. ಆಸ್ಪತ್ರೆಯ ಲೆಕ್ಕದಲ್ಲಿ ನಾನು ಗುಣವಾಗಿದ್ದೆ. ಸಂಪಾದನೆ ಮಾತ್ರ ಸೊನ್ನೆ. ಆ ತಿಂಗಳುಗಳನ್ನು ದಾಟಿಸಿದ್ದು ಈ ಪಾಲಿಸಿ. ಅದಕ್ಕೇ 5 ಸ್ಟಾರ್ ಅಂದಿದ್ದು.

ಅಂದಹಾಗೆ ಈ ಯೋಚನೆ ಹುಟ್ಟಿದ್ದೂ ಹೀಗೇ. ಇದನ್ನು ಹುಟ್ಟುಹಾಕಿದವರು ದಕ್ಷಿಣ ಆಫ್ರಿಕಾದ ಹೃದಯ ಶಸ್ತ್ರಚಿಕಿತ್ಸಕ ಮಾರಿಯಸ್ ಬರ್ನಾರ್ಡ್. 1967ರಲ್ಲಿ ಕೇಪ್‌ಟೌನಿನಲ್ಲಿ ಒಬ್ಬ ಮನುಷ್ಯನ ಹೃದಯವನ್ನು ಇನ್ನೊಬ್ಬರಿಗೆ ಮೊದಲ ಬಾರಿ ಕಸಿ ಮಾಡಿದ ಕ್ರಿಸ್ಟಿಯಾನ್ ಬರ್ನಾರ್ಡ್ ಇದ್ದಾರಲ್ಲ, ಅವರ ತಮ್ಮ. ಆ ತಂಡದಲ್ಲಿ ಇವರೂ ಇದ್ದರು. ತಾವು ಬದುಕಿಸಿದ ರೋಗಿಗಳು ದುಡ್ಡಿಲ್ಲದೆ ಸುಧಾರಿಸಿಕೊಳ್ಳುವ ಮೊದಲೇ ಕೆಲಸಕ್ಕೆ ಹೋಗುವುದನ್ನು ನೋಡಿ ನೋಡಿ ಈ ಡಾಕ್ಟರು ವಿಮಾ ಕಂಪನಿಯವರ ಬೆನ್ನು ಹತ್ತಿದರು. 1983ರಲ್ಲಿ ಅಲ್ಲಿ ಮೊದಲ ಪಾಲಿಸಿ ಬಂತು. ಆಗ ಪಟ್ಟಿಯಲ್ಲಿ ಇದ್ದದ್ದು ನಾಲ್ಕೇ: ಹೃದಯಾಘಾತ, ಪಾರ್ಶ್ವವಾಯು, ಕ್ಯಾನ್ಸರ್, ಬೈಪಾಸ್ ಆಪರೇಷನ್. ಈಗ 30, 40, ಅದಕ್ಕೂ ಜಾಸ್ತಿ ಕಾಯಿಲೆ ಅಂತ ದೊಡ್ಡ ಅಕ್ಷರದಲ್ಲಿ ಹಾಕುತ್ತಾರೆ. ಅದಕ್ಕೆ ಮರುಳಾಗಬೇಡಿ. ಇವತ್ತಿಗೂ ಕ್ಲೇಮುಗಳ ದೊಡ್ಡ ಪಾಲು ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು ಈ ಮೂರರದ್ದೇ. ಪಟ್ಟಿ ಎಷ್ಟು ಉದ್ದ ಅಂತ ನೋಡುವ ಬದಲು ಈ ಮೂರರ ಮುಂದೆ ಏನು ಬರೆದಿದ್ದಾರೆ ಅಂತ ನೋಡಿ.

ನೋಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಭಾವ ಇದ್ದಾರೆ.

ನನ್ನ ಚಿಕಿತ್ಸೆ ಮುಗಿದ ಮರುವರ್ಷ ಭಾವನಿಗೆ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡಿತು. ಆಂಜಿಯೋಗ್ರಾಂ ಮಾಡಿದರು, ಒಂದು ರಕ್ತನಾಳ 90% ಕಟ್ಟಿಹೋಗಿತ್ತು, ಅವತ್ತೇ ಸ್ಟೆಂಟ್ ಹಾಕಿದರು. ಮೂರನೇ ದಿನ ಮನೆಗೆ ಬಂದರು. ನಾನೇ ದೊಡ್ಡ ತಿಳಿದವಳ ಹಾಗೆ ಫಾರಂ ತುಂಬಿಸಿದೆ. ನನಗೆ ಬಂದಿದೆ, ಅವರಿಗೂ ಬರುತ್ತದೆ, ಹೃದಯದ ತೊಂದರೆ ತಾನೇ, ಪಟ್ಟಿಯ ಎರಡನೇ ಸಾಲಿನಲ್ಲೇ ಇದೆ.

ಬರಲಿಲ್ಲ. ಬಂದದ್ದು ಒಂದು ಪುಟದ ಕಾಗದ. ಪಾಲಿಸಿಯ ಪ್ರಕಾರ ಹೃದಯಾಘಾತ ಅಂದರೆ ಹೃದಯದ ಸ್ನಾಯುವಿನ ಒಂದು ಭಾಗ ಸತ್ತಿರಬೇಕು. ಅದಕ್ಕೆ ಎದೆನೋವು, ಇಸಿಜಿಯಲ್ಲಿ ಹೊಸ ಬದಲಾವಣೆ, ರಕ್ತದಲ್ಲಿ ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಪ್ರೋಟೀನು) ಏರಿಕೆ ಎಲ್ಲಾ ಸಾಕ್ಷಿ ಬೇಕು. ಭಾವನ ಟ್ರೋಪೋನಿನ್ ಏರಿರಲಿಲ್ಲ. ಸರಿಯಾದ ಹೊತ್ತಿಗೆ ಆಸ್ಪತ್ರೆಗೆ ಹೋಗಿ ಹೃದಯಾಘಾತ ಆಗುವ ಮೊದಲೇ ತಪ್ಪಿಸಿಕೊಂಡಿದ್ದರು. ಬೈಪಾಸ್ ಪಟ್ಟಿಯಲ್ಲಿತ್ತು, ಆದರೆ ಅದಕ್ಕೆ ಎದೆ ತೆರೆದು ಮಾಡಿದ ಆಪರೇಷನ್ನೇ ಆಗಬೇಕು. ಆಂಜಿಯೋಪ್ಲಾಸ್ಟಿ (ಎದೆ ಕೊಯ್ಯದೆ ಬಲೂನಿನಿಂದ ರಕ್ತನಾಳ ಬಿಡಿಸುವುದು), ಸ್ಟೆಂಟ್ ಸೇರುವುದಿಲ್ಲ ಅಂತ ಅದೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು.

ಅಕ್ಕ ಕಾಗದ ಎರಡು ಸಲ ಓದಿ ಕೇಳಿದಳು: "ಅಲ್ಲ ಕಣೇ, ಎದೆ ಕೊಯ್ದಿದ್ದರೆ ದುಡ್ಡು ಕೊಡ್ತಿದ್ದರಾ?"

"ಹೂಂ ಅಕ್ಕಾ, ಕೊಡ್ತಿದ್ದರು."

"ಕೊಯ್ಯದೇ ಉಳಿಸಿದ್ದು ತಪ್ಪಾ ಹಾಗಾದರೆ?"

ಏನು ಹೇಳಲಿ. ಭಾವ ಮಾತ್ರ ಸೋಫಾದಲ್ಲಿ ಕೂತು ನಗುತ್ತಿದ್ದರು. ಅವರು ಹದಿನೈದು ದಿನಕ್ಕೆ ಕೆಲಸಕ್ಕೂ ಹೋದರು, ಸಂಬಳವೂ ಬಂತು. ಕಂಪನಿಯವರ ಕಡೆಯಿಂದ ಯೋಚಿಸಿದರೆ ಅದೇ ಅವರ ವಾದ: ಹದಿನೈದು ದಿನದಲ್ಲಿ ಎದ್ದು ಹೋಗುವ ಕಾಯಿಲೆಗೆ ಎರಡು ವರ್ಷದ ಸಂಬಳ ಯಾಕೆ. ಒಪ್ಪುತ್ತೇನೆ, ಅರ್ಧ ಮನಸ್ಸಿನಿಂದ. ಆದರೆ ಮಾರುವಾಗ ಹೀಗೆ ಹೇಳಿದ್ದರಾ? ಮಾರುವಾಗ "ಹಾರ್ಟು, ಕ್ಯಾನ್ಸರು, ಕಿಡ್ನಿ ಎಲ್ಲಾ ಕವರ್ ಆಗುತ್ತೆ ಸಾರ್" ಅಷ್ಟೇ. ಆ "ಎಲ್ಲಾ" ಇದೆಯಲ್ಲ, ಅದಕ್ಕೇ ನನ್ನ ಸಿಟ್ಟು. ಕಿಡ್ನಿ ಅಂದರೂ ಎರಡೂ ಪೂರ್ತಿ ಕೈಕೊಟ್ಟು ಕಾಯಂ ಡಯಾಲಿಸಿಸ್ ಅಥವಾ ಕಸಿ ಬೇಕಾದ ಹಂತ. ಪಾರ್ಶ್ವವಾಯು ಅಂದರೆ ಶಾಶ್ವತವಾಗಿ ನರದ ಊನ ಉಳಿದಿರಬೇಕು, ಎಷ್ಟೋ ಪಾಲಿಸಿಗಳಲ್ಲಿ ಮೂರು ತಿಂಗಳಾದರೂ ಅದು ಇದೆ ಅಂತ ತೋರಿಸಬೇಕು. ಬಾಯಿ ಸೊಟ್ಟಗಾಗಿ ಒಂದು ಗಂಟೆಯಲ್ಲಿ ಸರಿಹೋದರೆ ಅದಕ್ಕೆ ದುಡ್ಡಿಲ್ಲ. ಆಂಜಿಯೋಪ್ಲಾಸ್ಟಿ ಸೇರಿಸಿರುವ ಪಾಲಿಸಿಗಳೂ ಇವೆ, ಹೆಚ್ಚಾಗಿ ಮೊತ್ತದ ಒಂದು ಪಾಲಿಗೆ. ಕೇಳಿ ತಗೊಳ್ಳಬೇಕು, ನಾವು ಕೇಳಿರಲಿಲ್ಲ.

ಇನ್ನೊಂದೆರಡು ಸಂಗತಿ ಬೇಗ ಹೇಳಿ ಮುಗಿಸುತ್ತೇನೆ. ತಗೊಂಡ ತಕ್ಷಣ ಶುರುವಾಗುವುದಿಲ್ಲ, ಸಾಮಾನ್ಯವಾಗಿ ಮೊದಲ 90 ದಿನದಲ್ಲಿ ಪತ್ತೆಯಾದ ಕಾಯಿಲೆಗೆ ಏನೂ ಇಲ್ಲ. ಗಂಟು ಸಿಕ್ಕಿದ ಮೇಲೆ ಓಡಿಹೋಗಿ ಪಾಲಿಸಿ ತಗೊಳ್ಳುವ ಯೋಚನೆ ಬಿಟ್ಟುಬಿಡಿ. ಇದನ್ನು ಜೀವ ವಿಮೆಗೆ ರೈಡರ್ ಆಗಿ, ಅಂದರೆ ಅದರ ಜೊತೆಗೇ ಹೆಚ್ಚುವರಿ ಕವರ್ ಆಗಿ ಸೇರಿಸಿಕೊಳ್ಳುವವರು ಒಂದು ಮಾತು ಬಿಡಿಸಿ ಕೇಳಿ: ಕಾಯಿಲೆಗೆ ಕೊಟ್ಟ ದುಡ್ಡು ಜೀವ ವಿಮೆಯ ಮೊತ್ತದಲ್ಲೇ ಕಳೆಯುತ್ತದೋ, ಬೇರೆಯೋ? ಕಳೆಯುವ ತರಹದ್ದಾದರೆ ಪ್ರೀಮಿಯಂ ಕಡಿಮೆ, ಆದರೆ ಆಮೇಲೆ ಮನೆಯವರಿಗೆ ಉಳಿಯುವುದೂ ಕಡಿಮೆ. ಪ್ರೀಮಿಯಂ ಕೊನೆಯವರೆಗೂ ಅಷ್ಟೇ ಇರುತ್ತದೋ, ವಯಸ್ಸಾದ ಹಾಗೆ ಏರುತ್ತದೋ ಅದನ್ನೂ ಕೇಳಿ. ಮೊತ್ತ ಎಷ್ಟಿರಬೇಕು ಅಂದರೆ, ನನ್ನ ಅನುಭವದಲ್ಲಿ ಎರಡು ವರ್ಷದ ಸಂಪಾದನೆ ಮತ್ತು ಅದರ ಮೇಲೆ ಇರುವ ಸಾಲ. ನನಗೆ ಎರಡೂವರೆ ವರ್ಷದ್ದು ಇತ್ತು, ಸಾಲ ಸೇರಿ ಹತ್ತಿರ ಹತ್ತಿರ ಖಾಲಿಯಾಯಿತು.

ಒಂದು ಸಲ ಪೂರ್ತಿ ಮೊತ್ತ ಕೊಟ್ಟ ಮೇಲೆ ನನ್ನ ಪಾಲಿಸಿ ಮುಗಿಯಿತು. ಹೊಸದಕ್ಕೆ ಎರಡು ಕಡೆ ಕೇಳಿ ನೋಡಿದೆ, ಕ್ಯಾನ್ಸರ್ ಅಂದ ತಕ್ಷಣ ಆ ಕಡೆ ಧ್ವನಿ ತಣ್ಣಗಾಗುತ್ತದೆ. ಹಾಗಾಗಿ ಈಗ ನನ್ನ ಗಂಡನ ಹೆಸರಿಗೆ ತಗೊಳ್ಳುತ್ತಿದ್ದೇವೆ. ಹೌದು, ಮತ್ತೆ ಇದೇ ತರಹದ ಪಾಲಿಸಿ.

ಹೋದ ಭಾನುವಾರ ಏಜೆಂಟ್ ಮನೆಗೆ ಬಂದಿದ್ದ. ಬೇರೆ ಕಂಪನಿಯವನು, ಒಳ್ಳೆಯ ಮಾತುಗಾರ. ಬಣ್ಣದ ಹಾಳೆ ಹರಡಿ, 40 ಕಾಯಿಲೆ ಅಂತ ಶುರು ಮಾಡಿದ. ಭಾವನೂ ಬಂದಿದ್ದರು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು.

"ಇದಿರಲಿ, ಆಂಜಿಯೋಪ್ಲಾಸ್ಟಿ ಎಷ್ಟನೇ ಪುಟದಲ್ಲಿದೆಯಪ್ಪಾ?"

"ಸಾರ್, ಹಾರ್ಟ್ ಎಲ್ಲಾ ಕವರ್ ಆಗುತ್ತೆ ಸಾರ್."

"ಪುಟ ಎಷ್ಟು?"

ಪೂರ್ತಿ ಪಾಲಿಸಿ ಪ್ರತಿ ತನ್ನ ಹತ್ತಿರ ಇಲ್ಲ, ಸಂಜೆ ಮೇಲ್ ಮಾಡುತ್ತೇನೆ ಅಂದ. ಇವತ್ತು ಗುರುವಾರ. ಭಾವ ದಿನಾ ರಾತ್ರಿ ಫೋನು ಮಾಡಿ ಬಂತಾ ಅಂತ ಕೇಳುತ್ತಾರೆ. ಇನ್ನೂ ಬಂದಿಲ್ಲ.