ಮೂರು ವರ್ಷ ಬಳಸಿದ ತಿರುಗಿಸುವ ಬಲ್ಬ್ ಹೋಲ್ಡರ್: ಬೆಳಕು ಚೆನ್ನ, ಕೀಲು ಸಾಲದು

ನಾನು ಸೀರೆಗೆ ಕುಚ್ಚು ಕಟ್ಟುತ್ತೇನೆ. ಫಾಲ್, ಜಿಗ್‌ಜಾಗ್ ಕೂಡ ಮಾಡಿಕೊಡುತ್ತೇನೆ, ಆದರೆ ಕೈಗೆ ನಾಲ್ಕು ಕಾಸು ಬರುವುದು ಕುಚ್ಚಿನಿಂದಲೇ. ಹಗಲು ಮನೆ ಕೆಲಸದಲ್ಲಿ ಕಳೆದುಹೋಗುತ್ತದೆ. ಸೂಜಿ ಹಿಡಿಯುವುದು ರಾತ್ರಿ ಏಳರ ಮೇಲೆ. ಹಾಗಾಗಿ ದಾರ, ಮಣಿ, ಜರಿ ಎಷ್ಟು ಮುಖ್ಯವೋ ಬೆಳಕೂ ನನಗೆ ಅಷ್ಟೇ ಮುಖ್ಯ.

ತುಮಕೂರಿನಲ್ಲಿ ನಮ್ಮದು ಹಳೇ ಬಾಡಿಗೆ ಮನೆ. ಹಾಲ್‌ಗೆ ಇದ್ದದ್ದು ಒಂದೇ ಆಂಗಲ್ ಹೋಲ್ಡರ್. ಬಾಗಿಲ ಮೇಲೆ, ಏಳಡಿ ಎತ್ತರದಲ್ಲಿ. ಅದರ ಕೆಳಗೆ ಚಾಪೆ ಹಾಸಿ ಕೂತರೆ ಸೆರಗಿನ ಮೇಲೆ ನನ್ನ ತಲೆಯ ನೆರಳೇ ಬೀಳುತ್ತಿತ್ತು. ಸ್ವಲ್ಪ ಸರಿದು ಕೂತರೆ ಬಲಗೈ ನೆರಳು. ಕಡು ನೀಲಿ ಯಾವುದು, ಕಪ್ಪು ಯಾವುದು ಗೊತ್ತಾಗದೆ ಒಂದು ಸಲ ಅರ್ಧ ಸೆರಗು ಬಿಚ್ಚಿ ಮತ್ತೆ ಕಟ್ಟಿದ್ದೇನೆ. ಆ ರಾತ್ರಿ ನಿಜಕ್ಕೂ ಅಳು ಬಂದಿತ್ತು.

2022ರ ದೀಪಾವಳಿ ಸೀಸನ್ ಮುಂಚೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಈ ತಿರುಗಿಸುವ ಹೋಲ್ಡರ್ ನೋಡಿದೆ. 160 ರೂಪಾಯಿ. ಮಾಮೂಲಿ ಆಂಗಲ್ ಹೋಲ್ಡರ್ ಅದರ ಪಕ್ಕದಲ್ಲೇ 40ಕ್ಕೆ ಇತ್ತು. ನಾಲ್ಕು ಪಟ್ಟು ಬೆಲೆ. ಒಂದು ಸೀರೆ ಕುಚ್ಚಿನ ದುಡ್ಡು ಹೆಚ್ಚುಕಡಿಮೆ ಅಷ್ಟೇ. ಯೋಚನೆ ಮಾಡಿಯೇ ತಂದೆ.

ಡಬ್ಬಿಯ ಮೇಲೆ ಬರೆದಿರುವುದನ್ನು ನಾನು ಮತ್ತೆ ಬರೆಯುವುದಿಲ್ಲ. ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇರುವ ಎರಡು ಪಿನ್ನಿನ ಬಿ22 ಬಲ್ಬ್ ಇದಕ್ಕೆ ಕೂರುತ್ತದೆ, ಅಷ್ಟು ಸಾಕು. ಗೋಡೆಗೆ ಕೂರುವ ಬಿಲ್ಲೆ, ಅದರಿಂದ ಹೊರಗೆ ಬರುವ ಗೇಣುದ್ದದ ಪ್ಲಾಸ್ಟಿಕ್ ಕೈ, ಕೈಯ ತುದಿಗೆ ಒಂದು ಕೀಲು, ಆ ಕೀಲಿಗೆ ಹೋಲ್ಡರ್. ಕೀಲನ್ನು ಬಿಗಿ ಮಾಡಲು ಎರಡು ಕಿವಿಯ ನಟ್ ಇದೆ. ಮೇಲೆ, ಕೆಳಗೆ ಬಗ್ಗಿಸಬಹುದು. ಬಿಲ್ಲೆಯ ಹತ್ತಿರ ಸುತ್ತಲೂ ತಿರುಗಿಸಲೂಬಹುದು.

ಇದನ್ನು ಬಾಗಿಲ ಮೇಲೆ ಹಾಕಿಸಲಿಲ್ಲ. ಕಿಟಕಿಯ ಪಕ್ಕ, ನೆಲದಿಂದ ನಾಲ್ಕೂವರೆ ಅಡಿಗೆ, ನಾನು ಕೂರುವ ಜಾಗದ ಎಡಕ್ಕೆ ಹಾಕಿಸಿದೆ. ಬಲಗೈಯಲ್ಲಿ ಕೆಲಸ ಮಾಡುವವರಿಗೆ ಬೆಳಕು ಎಡಗಡೆಯಿಂದ ಬರಬೇಕು. ಆಗ ಕೈ ನೆರಳು ಕೆಲಸದ ಮೇಲೆ ಬೀಳುವುದಿಲ್ಲ. ಎಡಗೈಯವರು ಬಲಕ್ಕೆ ಹಾಕಿಸಿ.

ಮೊದಲ ರಾತ್ರಿಯೇ ಎಷ್ಟು ಖುಷಿಯಾಯಿತೆಂದರೆ ಹೇಳಲಾರೆ. ಬಲ್ಬ್ ಬದಲಿಸಿರಲಿಲ್ಲ. ಸರ್ಕಾರದ ‘ಹೊಸ ಬೆಳಕು’ ಯೋಜನೆಯಲ್ಲಿ ತಂದಿದ್ದ ಅದೇ 9 ವ್ಯಾಟ್ ಎಲ್‌ಇಡಿ. ಆದರೂ ಬೇರೆ ದೀಪ ಹಾಕಿದ ಹಾಗಿತ್ತು. ಕಾರಣ ಎರಡು. ಒಂದು, ದೀಪ ಹತ್ತಿರ ಬಂತು. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. ಎರಡನೆಯದು ನನಗೆ ಆಮೇಲೆ ಅರ್ಥವಾಯಿತು. ಹಳೇ ಬುರುಡೆ ಬಲ್ಬ್ ಇತ್ತಲ್ಲ, ನಮ್ಮ ಅತ್ತೆ ಈಗಲೂ ‘60 ಕ್ಯಾಂಡಲ್’ ಅನ್ನುತ್ತಾರೆ, ಅದು ಸುತ್ತಲೂ ಬೆಳಕು ಚೆಲ್ಲುತ್ತಿತ್ತು. ಹೋಲ್ಡರ್ ಹೇಗೆ ಬಾಗಿದ್ದರೂ ಅಂಥ ವ್ಯತ್ಯಾಸ ಇರಲಿಲ್ಲ. ಎಲ್‌ಇಡಿ ಬಲ್ಬಿನ ಹಿಂದಿನ ಅರ್ಧ ಬೆಳಕು ಬಿಡದ ಪ್ಲಾಸ್ಟಿಕ್. ಅದರೊಳಗೆ ಡ್ರೈವರ್ ಸರ್ಕೀಟು ಇರುತ್ತದೆ. ಬೆಳಕು ಬಹುಪಾಲು ಮುಂದಕ್ಕೇ ಹೋಗುತ್ತದೆ. ಹಾಗಾಗಿ ಬಲ್ಬಿನ ಮುಖ ಯಾವ ಕಡೆ ಇದೆ ಅನ್ನೋದು ಈಗ ಬಹಳ ಮುಖ್ಯ. ಬಲ್ಬ್ ಬದಲಾಯಿತು, ಗೋಡೆ ಮೇಲಿನ ಹೋಲ್ಡರ್ ಮಾತ್ರ ಬುರುಡೆ ಬಲ್ಬಿನ ಕಾಲದ್ದೇ ಉಳಿಯಿತು. ನಮ್ಮ ಎಷ್ಟೋ ಮನೆಗಳಲ್ಲಿ ಎಲ್‌ಇಡಿ ಹಾಕಿದ ಮೇಲೆ ಮೂಲೆಗಳು ಮಂಕಾಗಿರುವುದು ಇದರಿಂದಲೇ.

ನನ್ನ ಸಂಜೆ ಈಗ ಹೀಗಿರುತ್ತದೆ. ಆರೂವರೆಗೆ ದೇವರಿಗೆ ದೀಪ ಹಚ್ಚಿ ಬಂದು ಹೋಲ್ಡರನ್ನು ಮೇಲಕ್ಕೆ ತಿರುಗಿಸುತ್ತೇನೆ. ಸುಣ್ಣ ಬಳಿದ ಬಿಳಿ ಗೋಡೆಗೆ ಬೆಳಕು ಬಡಿದು ಹಾಲ್ ತುಂಬಾ ಮೆತ್ತಗೆ ಹರಡುತ್ತದೆ. ಯಾರಾದರೂ ಬಂದರೆ ಕಣ್ಣಿಗೆ ಹೊಡೆಯುವುದಿಲ್ಲ. ಅವರೆಕಾಯಿ ಕಾಲದಲ್ಲಿ ಅತ್ತೆ ಗೋಡೆಗೆ ಒರಗಿ ಹಿತಕಿದ ಬೇಳೆಗೆ ಕೂರುತ್ತಾರೆ. ಆಗ ಅವರ ಬುಟ್ಟಿಯ ಕಡೆ ಬಗ್ಗಿಸುತ್ತೇನೆ. ‘ಹುಳ ಕಾಣಿಸ್ತದೆ ಕಣಮ್ಮಾ, ಹಂಗೇ ಇರ್ಲಿ’ ಅನ್ನುತ್ತಾರೆ. ಊಟ ಮುಗಿದು, ಪಾತ್ರೆ ತೊಳೆದು, ಕೈ ಚೆನ್ನಾಗಿ ಒರೆಸಿಕೊಂಡು ಬಂದ ಮೇಲೆ ದೀಪ ನನ್ನದು.

ಸೆರಗನ್ನು ಮೊಣಕಾಲ ಮೇಲೆ ಹರಡಿಕೊಂಡು ಬಲ್ಬನ್ನು ಬಟ್ಟೆಗೆ ಓರೆಯಾಗಿ ಇಡುತ್ತೇನೆ. ಇದು ನಾನು ಕಂಡುಕೊಂಡ ದೊಡ್ಡ ಲಾಭ. ನೇರ ಮೇಲಿನಿಂದ ಬಿದ್ದ ಬೆಳಕಿನಲ್ಲಿ ರೇಷ್ಮೆ ಬರೀ ಹೊಳೆಯುತ್ತದೆ, ನೇಯ್ಗೆ ಕಾಣುವುದಿಲ್ಲ. ಓರೆ ಬೆಳಕಿನಲ್ಲಿ ಒಂದೊಂದು ಎಳೆಗೂ ಸಣ್ಣ ನೆರಳು ಬರುತ್ತದೆ. ಸೂಜಿ ಯಾವ ಎರಡು ಎಳೆಯ ನಡುವೆ ಹೋಗಬೇಕು ಅಂತ ಕಣ್ಣಿಗೇ ತಿಳಿಯುತ್ತದೆ. ಬೇಬಿ ಕುಚ್ಚಿನಲ್ಲಿ ಗಂಟಿನಿಂದ ಗಂಟಿಗೆ ಅಂತರ ಒಂದೇ ಸಮ ಇರಬೇಕು. ಮೊದಲು ಅಳತೆ ಕಡ್ಡಿ ಇಟ್ಟು ನೋಡುತ್ತಿದ್ದೆ. ಈಗ ಎಳೆ ಎಣಿಸಿಯೇ ಕಟ್ಟುತ್ತೇನೆ. ಬಣ್ಣ ಹೊಂದಿಸುವಾಗ ಬಲ್ಬನ್ನು ನೇರ ಮಾಡಿ ದಾರದ ಉಂಡೆಯನ್ನು ಸೀರೆಗೆ ತಾಗಿಸಿ ನೋಡುತ್ತೇನೆ. ಕಟ್ಟುವಾಗ ಮತ್ತೆ ಓರೆ. ಒಂದು ರಾತ್ರಿಗೆ ಏನಿಲ್ಲವೆಂದರೂ ಹತ್ತು ಸಲ ಆ ಕೀಲು ಆಡುತ್ತದೆ.

ತೊಂದರೆ ಶುರುವಾದದ್ದೂ ಆ ಕೀಲಿನಿಂದಲೇ.

ಮೊದಲ ವರ್ಷ ಎಲ್ಲಿ ನಿಲ್ಲಿಸಿದರೆ ಅಲ್ಲೇ ನಿಲ್ಲುತ್ತಿತ್ತು. ಎರಡನೇ ವರ್ಷದ ಹೊತ್ತಿಗೆ ತಲೆ ಬಾಗಿಸಲು ಶುರು ಮಾಡಿತು. ಓರೆಯಾಗಿ ಇಟ್ಟು ನಾಲ್ಕು ಗಂಟು ಹಾಕುವಷ್ಟರಲ್ಲಿ ಬೆಳಕು ನಿಧಾನವಾಗಿ ಇಳಿದು ಮಡಿಲಿಗೆ ಬಂದಿರುತ್ತಿತ್ತು. ನಟ್ ಬಿಗಿ ಮಾಡಿದರೆ ಎರಡು ದಿನ ಸರಿ, ಮೂರನೇ ದಿನ ಮತ್ತೆ ಅದೇ. ಮದುವೆ ಸೀಸನ್ನಿನಲ್ಲಿ ಜಾಸ್ತಿ ಬೆಳಕು ಬೇಕೆಂದು 20 ವ್ಯಾಟಿನ ದಪ್ಪ ಬಲ್ಬ್ ಹಾಕಿದೆ. ಅದರ ಭಾರಕ್ಕೆ ಒಂದು ನಿಮಿಷವೂ ನಿಲ್ಲಲಿಲ್ಲ. ಮತ್ತೆ 9ಕ್ಕೇ ಬಂದೆ.

ಯಾಕೆ ಹೀಗೆ ಅಂತ ನಟ್ ಬಿಚ್ಚಿ ನೋಡಿದೆ. ಪ್ಲಾಸ್ಟಿಕ್ ಮೇಲೆ ನೇರವಾಗಿ ಲೋಹದ ನಟ್. ನಡುವೆ ಒಂದು ವಾಶರ್ ಕೂಡ ಇಲ್ಲ. ಸದಾ ಒತ್ತಡ ಬಿದ್ದು ಪ್ಲಾಸ್ಟಿಕ್ ನಿಧಾನವಾಗಿ ಕುಸಿದಿದೆ. ನಟ್ ಕೂತ ಜಾಗದಲ್ಲಿ ಉಂಗುರದ ಹಾಗೆ ತಗ್ಗು. ಎಷ್ಟು ಬಿಗಿ ಮಾಡಿದರೂ ಆ ತಗ್ಗು ಇನ್ನಷ್ಟು ಆಳವಾಗುತ್ತದೆಯೇ ಹೊರತು ಹಿಡಿತ ಬರುವುದಿಲ್ಲ. ಅಲ್ಲಿ ಒಂದು ಸ್ಪ್ರಿಂಗ್ ವಾಶರ್ ಇದ್ದಿದ್ದರೆ ಪ್ಲಾಸ್ಟಿಕ್ ಸವೆದಷ್ಟೂ ಅದು ಹಿಗ್ಗಿ ಒತ್ತಿ ಹಿಡಿಯುತ್ತಿತ್ತು. ಎರಡು ಮೂರು ರೂಪಾಯಿಯ ವಸ್ತು. 160 ರೂಪಾಯಿ ತಗೊಂಡು ಅಷ್ಟನ್ನು ಹಾಕದಿದ್ದರೆ ಹೇಗೆ? ಈ ಸಾಮಾನಿನ ಇಡೀ ಬೆಲೆ ಇರುವುದೇ ಕೀಲಿಗೆ ಅಲ್ವಾ?

ವಾಶರ್ ನಾನೇ ತಂದು ಹಾಕಿದೆ. ತಲೆ ಬಾಗುವುದು ನಿಂತಿತು. ಅಲ್ಲಿಗೆ ಮುಗಿದಿದ್ದರೆ ಈ ಬರಹದಲ್ಲಿ ಹೊಗಳಿಕೆಯೇ ಜಾಸ್ತಿ ಇರುತ್ತಿತ್ತು.

ಕೆಲವು ತಿಂಗಳ ಮೇಲೆ ದೀಪ ಮಿಣುಕಲು ಶುರುವಾಯಿತು. ಬಲ್ಬ್ ಹೋಗಿದೆ ಅಂದುಕೊಂಡು ಹೊಸದು ತಂದೆ. ಅದೂ ಮಿಣುಕಿತು. ಹೋಲ್ಡರ್ ಒಳಗಿನ ಎರಡು ಸ್ಪ್ರಿಂಗ್ ಪಿನ್ ಕಪ್ಪಾಗಿರಬಹುದು ಅನ್ನಿಸಿತು. ಮೇನ್ ಆಫ್ ಮಾಡಿ ನೋಡಿದೆ. ಪಿನ್ ಸ್ವಚ್ಛವಾಗೇ ಇತ್ತು, ಒತ್ತಿದರೆ ಚೆನ್ನಾಗಿ ಪುಟಿಯುತ್ತಿತ್ತು. ಒಂದು ಕೋನದಲ್ಲಿ ಇಟ್ಟರೆ ಮಿಣುಕು, ಇನ್ನೊಂದು ಕೋನದಲ್ಲಿ ಸರಿ. ಆಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಒಂದು ಸಂಜೆ ನೆಲ ಒರೆಸಿ, ಇನ್ನೂ ಒದ್ದೆಯಿರುವಾಗಲೇ ಬರಿಗಾಲಲ್ಲಿ ನಿಂತು ಹೋಲ್ಡರ್ ತಿರುಗಿಸಲು ನಟ್ ಮುಟ್ಟಿದೆ. ಸ್ವಿಚ್ ಆಫ್ ಇತ್ತು. ಆದರೂ ಬೆರಳಿನಿಂದ ಮೊಣಕೈವರೆಗೆ ಜುಮ್ ಅಂತು. ಕೈ ಎಳೆದುಕೊಂಡೆ. ಎದೆ ಹೊಡೆದುಕೊಳ್ಳುತ್ತಿತ್ತು. ಅದೇ ಹೋಲ್ಡರನ್ನು ನನ್ನ ಮಗಳು ಓದಲು ಕೂರುವಾಗ ದಿನವೂ ತಿರುಗಿಸುತ್ತಾಳೆ. ಅದು ನೆನಪಾಗಿ ಇನ್ನೂ ಭಯವಾಯಿತು.

ಮಾರನೇ ದಿನ ಬೀದಿಯ ಎಲೆಕ್ಟ್ರಿಷಿಯನ್ ಬಂದ. ಮೊದಲು ಸ್ವಿಚ್ ಆಫ್ ಮಾಡಿ ಬಲ್ಬ್ ತೆಗೆದು ಹೋಲ್ಡರಿಗೆ ಟೆಸ್ಟರ್ ಇಟ್ಟ. ಟೆಸ್ಟರ್ ಉರಿಯಿತು. ‘ಅಕ್ಕಾ, ರಾತ್ರಿ ಲೈಟ್ ಆಫ್ ಮಾಡಿದ ಮೇಲೂ ಬಲ್ಬ್ ಮಂಕಾಗಿ ಉರಿಯುತ್ತಾ?’ ಅಂತ ಕೇಳಿದ. ಹೌದು, ಉರಿಯುತ್ತಿತ್ತು! ಹಳೇ ಹೋಲ್ಡರ್ ಇದ್ದಾಗಿಂದಲೂ ಬೂದಿ ಮುಚ್ಚಿದ ಕೆಂಡದ ಹಾಗೆ ಒಂದು ಚೂರು ಬೆಳಕು ಬಲ್ಬ್ ಒಳಗೆ ಉಳಿಯುತ್ತಿತ್ತು. ಎಲ್‌ಇಡಿ ಅಂದರೆ ಹಾಗೇ ಇರಬೇಕು ಅಂತ ಸುಮ್ನೆ ಇದ್ದೆ.

ಅವನು ಹೇಳಿದ್ದು ಇಷ್ಟು. ಸ್ವಿಚ್ ಇರಬೇಕಾದದ್ದು ಫೇಸ್ ತಂತಿಯ ಮೇಲೆ, ಅಂದರೆ ಕರೆಂಟ್ ತರುವ ತಂತಿಯ ಮೇಲೆ. ನಮ್ಮ ಮನೆಯಲ್ಲಿ ಅದು ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ತಂತಿಯ ಮೇಲೆ ಇತ್ತು. ಆಫ್ ಮಾಡಿದರೆ ದೀಪ ಆರುತ್ತದೆ, ಆದರೆ 230 ವೋಲ್ಟ್ ಹೋಲ್ಡರಿನಲ್ಲಿ ಹಾಗೇ ಇರುತ್ತದೆ. ತಂತಿಗಳ ಮೂಲಕ ಸೋರುವ ಅಷ್ಟಿಷ್ಟು ಕರೆಂಟಿಗೇ ಎಲ್‌ಇಡಿ ಮಂಕಾಗಿ ಉರಿಯುತ್ತದೆ. ಬುರುಡೆ ಬಲ್ಬಿಗೆ ಅಷ್ಟು ಸಾಲದು, ಹಾಗಾಗಿ ಹಿಂದೆ ಯಾರಿಗೂ ಗೊತ್ತಾಗಿರಲಿಲ್ಲ. ಇಂಡಿಕೇಟರ್ ಇರುವ ಸ್ವಿಚ್ಚಿನಿಂದಲೂ ಹೀಗೆ ಮಂಕು ಬೆಳಕು ಬರಬಹುದಂತೆ. ನಿಮ್ಮ ಮನೆಯಲ್ಲೂ ಹೀಗಿದ್ದರೆ ಗಾಬರಿ ಬೇಡ, ಆದರೆ ಟೆಸ್ಟರ್ ಇಡಿಸಿ ನೋಡಿ. ಈ ತಪ್ಪು ಹೋಲ್ಡರಿನದಲ್ಲ, ಮನೆಯ ವೈರಿಂಗಿನದು.

ಆಮೇಲೆ ಕೀಲು ಬಿಚ್ಚಿ ನನ್ನ ಕೈಗೇ ಕೊಟ್ಟ. ಎರಡು ತಂತಿಯೂ ಬೋಲ್ಟಿಗೆ ಒತ್ತಿಕೊಂಡೇ ಕೀಲಿನೊಳಗೆ ಹೋಗಿದ್ದವು. ಅವು ಹಗ್ಗದ ಹಾಗೆ ಹುರಿಗೊಂಡಿದ್ದವು. ಬಿಲ್ಲೆಯ ಹತ್ತಿರ ತಿರುಗುವ ಭಾಗಕ್ಕೆ ತಡೆಯೇ ಇಲ್ಲ. ನಾವು ದಿನವೂ ಒಂದೇ ಕಡೆ ತಿರುಗಿಸುತ್ತಾ ಹೋದ ಹಾಗೆ ಒಳಗೆ ತಂತಿ ಸುತ್ತಿಕೊಳ್ಳುತ್ತಾ ಹೋಗಿದೆ. ಕೆಂಪು ತಂತಿಯ ಮೇಲಿನ ಪ್ಲಾಸ್ಟಿಕ್ ಬೋಲ್ಟಿಗೆ ಉಜ್ಜಿ ಉಜ್ಜಿ ಅಕ್ಕಿಕಾಳಿನಷ್ಟು ಜಾಗದಲ್ಲಿ ಸವೆದಿತ್ತು. ಅಲ್ಲಿ ತಾಮ್ರ ಮಿನುಗುತ್ತಿತ್ತು. ಅದು ಬೋಲ್ಟಿಗೆ ತಾಗಿ ನಟ್ಟಿಗೆ ಬಂದ ಕರೆಂಟೇ ನನಗೆ ಹೊಡೆದದ್ದು. ಒಳಗಿರುವುದು ಒಂಟಿ ಎಳೆಯ ಗಟ್ಟಿ ತಂತಿ. ಪದೇಪದೇ ಬಗ್ಗಿಸಿದರೆ ಅದು ಪೆಡಸಾಗಿ ಮುರಿಯುತ್ತದೆ. ಅರ್ಧ ಮುರಿದು ತಾಗಿಯೂ ತಾಗದ ಹಾಗೆ ನಿಂತಿತ್ತು. ದೀಪ ಮಿಣುಕುತ್ತಿದ್ದದ್ದು ಅದಕ್ಕೇ. ಇಂಥ ಜಾಗದಲ್ಲಿ ಕಿಡಿ ಹಾರಿ ಬಿಸಿಯಾಗುತ್ತದೆ. ಪಕ್ಕದಲ್ಲೇ ನಾನು ರೇಷ್ಮೆ ಸೀರೆಗಳನ್ನು ಜೋಡಿಸಿಡುತ್ತೇನೆ.

ನನಗೆ ಬಂದ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ. ತಿರುಗಿಸಲೆಂದೇ ಮಾರುವ ಸಾಮಾನು ಇದು. ತಿರುಗಿಸಿದರೆ ತಂತಿ ಏನಾಗುತ್ತದೆ ಅಂತ ಮಾಡಿದವರು ಯೋಚಿಸಬೇಡವೇ? ಒಂದು ಸುತ್ತು ಪೂರ್ತಿಯಾಗುವ ಮುಂಚೆ ತಡೆಯುವ ಸಣ್ಣ ಮೊಳೆಯಂಥ ಗುಬಟು ಸಾಕಿತ್ತು. ತಂತಿಗೆ ಬೋಲ್ಟ್ ತಾಗದ ಹಾಗೆ ಬೇರೆ ದಾರಿ ಕೊಡಬೇಕಿತ್ತು. ಕೈ ಮುಟ್ಟುವ ನಟ್ಟನ್ನು ಲೋಹದ ಬದಲು ಪ್ಲಾಸ್ಟಿಕ್ ಹಿಡಿಯಿಂದ ಮುಚ್ಚಬೇಕಿತ್ತು. ಇಂಥ ಎರಡು ಪಿನ್ನಿನ ಬಲ್ಬ್ ಕೂರುವ ಬಯೋನೆಟ್ ಹೋಲ್ಡರ್‌ಗೆ ಐಎಸ್ 1258 ಅನ್ನುವ ಭಾರತೀಯ ಮಾನದಂಡವೇ ಇದೆ. ನಾನು ತಂದ ಡಬ್ಬಿಯನ್ನು ಆಮೇಲೆ ಹುಡುಕಿ ನೋಡಿದೆ. ಐಎಸ್‌ಐ ಗುರುತು ಎಲ್ಲೂ ಇರಲಿಲ್ಲ. ಕೊಳ್ಳುವಾಗಲೇ ನೋಡಿರಿ.

ಎಸೆದುಬಿಡುತ್ತೇನೆ ಅಂದೆ. ‘ಬೇಡ ಅಕ್ಕಾ, ಹೋಲ್ಡರ್ ಚೆನ್ನಾಗೇ ಇದೆ, ಸರಿ ಮಾಡಿಕೊಡ್ತೀನಿ’ ಅಂದ. ಸಣ್ಣ ಎಳೆಗಳ ಮೆತ್ತನೆ ಮಲ್ಟಿ ಸ್ಟ್ರ್ಯಾಂಡ್ ತಂತಿ ಹಾಕಿ, ಕೀಲಿನ ಜಾಗದಲ್ಲಿ ತಂತಿ ಉಜ್ಜದ ಹಾಗೆ ಸ್ಲೀವ್ ಅನ್ನುವ ಕೊಳವೆ ತೊಡಿಸಿದ. ಬೋಲ್ಟಿನಿಂದ ದೂರ ಸಾಗುವ ಹಾಗೆ ಕೈಯ ಹೊರಗಿನಿಂದ ತಂತಿ ತಂದು, ಬಗ್ಗಲು ಸ್ವಲ್ಪ ಸಡಿಲ ಬಿಟ್ಟ. ನೋಡಲು ಅಷ್ಟು ಅಂದವಿಲ್ಲ. ಬಿಲ್ಲೆಗೆ ಒಂದು ಸಣ್ಣ ಸ್ಕ್ರೂ ಹೊಡೆದು ಸುತ್ತು ತಿರುಗದಂತೆ ತಡೆ ಮಾಡಿದ. ಲೋಹದ ನಟ್ ತೆಗೆದು ಹಳೇ ಫ್ಯಾನಿನ ಪ್ಲಾಸ್ಟಿಕ್ ತಿರುಪು ಹಾಕಿದ. ಸ್ವಿಚ್ ಬೋರ್ಡಿನಲ್ಲಿ ಫೇಸ್ ಸರಿಪಡಿಸಿದ. ಎಲ್ಲ ಸೇರಿ 250 ರೂಪಾಯಿ. ಆ ರಾತ್ರಿ ದೀಪ ಆರಿಸಿದಾಗ ಬಲ್ಬ್ ಪೂರ್ತಿ ಕತ್ತಲಾಯಿತು. ಅತ್ತೆ ಕೂಡ ಗಮನಿಸಿದರು.

ಅದಾಗಿ ಹತ್ತು ತಿಂಗಳಾಯಿತು. ಮಿಣುಕಿಲ್ಲ, ಬಾಗಿಲ್ಲ. ಹೋದ ವಾರ ಒಂದು ಧರ್ಮಾವರಂ ಸೀರೆಗೆ ಕ್ರೋಶಾ ಕುಚ್ಚು ಹಾಕಿದೆ. ಮೆರೂನ್ ಮೇಲೆ ಮೆರೂನ್ ದಾರ. ಹಳೇ ಬೆಳಕಿನಲ್ಲಾದರೆ ಆ ಕೆಲಸ ಒಪ್ಪುತ್ತಲೇ ಇರಲಿಲ್ಲ.

ಹಾಗಾದರೆ ಕೊಳ್ಳಬಹುದಾ? ಕೂತು ಸಣ್ಣ ಕೆಲಸ ಮಾಡುವವರು, ಓದುವ ಮಕ್ಕಳಿರುವವರು ಕೊಳ್ಳಿ. ಟೇಬಲ್ ಲ್ಯಾಂಪಿಗೆ ಜಾಗವಿಲ್ಲದ ನಮ್ಮಂಥ ಮನೆಗೆ ಇದಕ್ಕಿಂತ ಕಡಿಮೆ ಖರ್ಚಿನ ದಾರಿ ನಾನು ಕಂಡಿಲ್ಲ. ಬುರುಡೆ ಬಲ್ಬ್ ಮಾತ್ರ ಹಾಕಬೇಡಿ, ಆ ಶಾಖಕ್ಕೆ ಪ್ಲಾಸ್ಟಿಕ್ ತಡೆಯುವುದಿಲ್ಲ. ಐದಕ್ಕೆ ಎಷ್ಟು ಅಂಕ ಅಂದರೆ ಅಂಗಡಿಯಿಂದ ತಂದ ಸ್ಥಿತಿಗೆ ಎರಡು, ಈಗ ಇರುವ ಸ್ಥಿತಿಗೆ ನಾಲ್ಕೂವರೆ.

ಅಡುಗೆ ಮನೆ ಕಟ್ಟೆ ಮೇಲೂ ಒಂದು ಬೇಕು ಅಂತ ಅತ್ತೆ ಹೇಳುತ್ತಿದ್ದಾರೆ. ಈ ಸಲ ಅಂಗಡಿಯಲ್ಲೇ ಡಬ್ಬಿ ಬಿಚ್ಚಿಸಿ, ಕೀಲು ಆಡಿಸಿ, ತಂತಿ ಎಲ್ಲಿಂದ ಹೋಗಿದೆ ನೋಡಿಯೇ ದುಡ್ಡು ಕೊಡುತ್ತೇನೆ.