ಕರೆಂಟ್ ಹೋದರೆ ಎಲ್ಲ ಮರೆಯುವ ಸ್ಪೀಕರ್: ಮಾಡೆಲರ್ ಜೊತೆ ಎರಡೂವರೆ ವರ್ಷ

ಮೊದಲು ಕೋಪದ ವಿಷಯ ಹೇಳಿಬಿಡುತ್ತೇನೆ. ನನ್ನ ಗಿಟಾರ್ ಈಗ ಹೋಗುವುದು ಮಾಡೆಲರ್‌ಗೆ, ಅಂದರೆ ಬೇರೆ ಬೇರೆ ಆಂಪ್, ಎಫೆಕ್ಟ್‌ಗಳ ಸದ್ದನ್ನು ಅನುಕರಿಸುವ ಪುಟ್ಟ ಡಿಜಿಟಲ್ ಪೆಟ್ಟಿಗೆಗೆ, ಅಲ್ಲಿಂದ ಸ್ಪೀಕರಿಗೆ. ನನ್ನ 12 ಇಂಚಿನ, ಆಂಪ್ಲಿಫೈಯರ್ ಒಳಗೇ ಇರುವ ಪವರ್ಡ್ ಸ್ಪೀಕರ್‌ನ ಬೆನ್ನಲ್ಲಿ ಒಂದು ಪುಟ್ಟ ಪರದೆ ಇದೆ. ಅದರಲ್ಲಿ ನಾಲ್ಕು ಮೋಡ್. ಫ್ಲಾಟ್‌ನಲ್ಲಿ ಇಟ್ಟರೆ ಗಿಟಾರ್ ಗಿಟಾರ್ ಥರ ಕೇಳುತ್ತದೆ. ಮ್ಯೂಸಿಕ್ ಅನ್ನೋ ಮೋಡ್‌ನಲ್ಲಿ ಕೆಳಗೆ ಬಾಸ್ ಜಾಸ್ತಿ, ಮೇಲೆ ಟ್ರೆಬಲ್ ಜಾಸ್ತಿ, ನಡುವೆ ಹಳ್ಳ. ಗಿಟಾರ್ ಬದುಕುವುದೇ ಆ ನಡುವೆ. ಈ ಸ್ಪೀಕರ್ ಪ್ರತಿ ಸಲ ಆನ್ ಮಾಡಿದಾಗ ಮ್ಯೂಸಿಕ್ ಮೋಡ್‌ನಲ್ಲೇ ಎದ್ದೇಳುತ್ತದೆ. ಅದು ಗೊತ್ತಿತ್ತು, ಸೌಂಡ್ ಚೆಕ್‌ಗೆ ಮೊದಲು ನೆನಪಿಟ್ಟು ಫ್ಲಾಟ್‌ಗೆ ಬದಲಿಸುತ್ತಿದ್ದೆ. ಆದರೆ ಕಾರ್ಯಕ್ರಮದ ನಡುವೆ ಕರೆಂಟ್ ಹೋಗಿ ಜನರೇಟರ್ ಶುರುವಾದಾಗಲೂ ಅದು ಮತ್ತೆ ಮ್ಯೂಸಿಕ್‌ಗೆ ಹೋಗಿ ಕೂರುತ್ತದೆ ಅನ್ನೋದು ಹೊಳೆಯಲು ನನಗೆ 14 ತಿಂಗಳು ಬೇಕಾಯಿತು.

ಕಂಪನಿ ಹೆಸರು ಬರೆಯುವುದಿಲ್ಲ. ನೀವು ಯಾವುದೇ ಸ್ಪೀಕರ್ ತೆಗೆದುಕೊಳ್ಳಿ, ಅಂಗಡಿಯಲ್ಲಿ ಮೋಡ್ ಬದಲಿಸಿ, ಪ್ಲಗ್ ಕಿತ್ತು ಮತ್ತೆ ಹಾಕಿ ನೋಡಿ. ವ್ಯಾಟ್ ಎಷ್ಟು ಅಂತ ಕೇಳುವುದಕ್ಕಿಂತ ಇದು ಮುಖ್ಯ.

ನಾನು ಶಿವಮೊಗ್ಗ ಕಡೆಯ ಒಂದು ರಸಮಂಜರಿ ತಂಡದಲ್ಲಿ ಗಿಟಾರ್ ನುಡಿಸುತ್ತೇನೆ. ಗಣೇಶ ಹಬ್ಬದಿಂದ ಶುರುವಾಗಿ ರಾಜ್ಯೋತ್ಸವದ ನವೆಂಬರ್ ಪೂರ್ತಿ ಓಡಾಟ. ಸಾಗರ, ಶಿಕಾರಿಪುರ, ತೀರ್ಥಹಳ್ಳಿ, ಭದ್ರಾವತಿ. ಒಂದೇ ರಾತ್ರಿಯಲ್ಲಿ ಎಂಬತ್ತರ ದಶಕದ ಹಾಡಿಗೆ ಕೋರಸ್ ಎಫೆಕ್ಟ್ ಹಾಕಿದ ಕ್ಲೀನ್ ಟೋನ್ ಬೇಕು, ಡ್ಯಾನ್ಸ್ ಹಾಡಿಗೆ ವಾ-ವಾ ಅನ್ನುವ ಎಫೆಕ್ಟ್ ಬೇಕು, ಕೊನೆಗೆ ಹುಡುಗರು ಶಿಳ್ಳೆ ಹೊಡೆಯುವ ಹಾಡಿಗೆ ಡಿಸ್ಟಾರ್ಷನ್ (ಒಡೆದ ಒರಟು ದನಿ) ಹಾಕಿದ ಉದ್ದನೆಯ ಲೀಡ್, ಅಂದರೆ ಗಿಟಾರ್ ಒಂದೇ ಎದ್ದು ನುಡಿಯುವ ಭಾಗ ಬೇಕು. ಮೊದಲು ನನ್ನ ಹತ್ತಿರ ಟ್ಯೂಬ್ ಆಂಪ್ (ವಾಲ್ವ್ ಇರುವ ಹಳೆ ಬಗೆಯ ಗಿಟಾರ್ ಆಂಪ್ಲಿಫೈಯರ್) ಇತ್ತು, 30 ಕಿಲೋ ಹತ್ತಿರ ತೂಕ. ಟಿಟಿ ಮೇಲೆ ಹತ್ತಿಸಿ ಇಳಿಸಿ ಸೊಂಟ ಹಿಡಿದುಕೊಂಡಿತು. ಅದನ್ನು ಮಾರಿ ಲೈನ್ 6 ಕಂಪನಿಯ ಹೆಚ್‌ಎಕ್ಸ್ ಸ್ಟಾಂಪ್ ಅನ್ನೋ ಮಾಡೆಲರ್ ಸೆಕೆಂಡ್ ಹ್ಯಾಂಡ್ 41 ಸಾವಿರಕ್ಕೆ ತಂದೆ. 2018ರಲ್ಲಿ ಬಂದ ಮಾಡೆಲ್. ಸ್ಪೀಕರ್‌ಗೆ 29 ಸಾವಿರ ಆಯಿತು, 16 ಕಿಲೋ, ಒಂದೇ ಕೈಯಲ್ಲಿ ಎತ್ತಬಹುದು.

ಮೊದಲ ಆರು ತಿಂಗಳು ನಿಜಕ್ಕೂ ಬೇಜಾರಾಗಿತ್ತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು, ಇಲ್ಲವೇ ಸ್ಪೀಕರನ್ನು ಪಿಸುಗುಟ್ಟುವಷ್ಟು ಇಟ್ಟುಕೊಂಡು ಒಂದೊಂದು ಪ್ಯಾಚ್, ಅಂದರೆ ಒಂದೊಂದು ಟೋನಿನ ಸೆಟ್ಟಿಂಗ್, ಮಾಡುತ್ತಿದ್ದೆ. ಏನು ಚೆಂದ ಕೇಳುತ್ತಿತ್ತು! ಕೆಳಗೆ ತುಂಬಿದ ದನಿ, ಮೇಲೆ ಮಿಂಚು. ಅದೇ ಪ್ಯಾಚ್ ಪೆಂಡಾಲಿನಲ್ಲಿ ಹಾಕಿದರೆ ಕೆಳಗಿನ ತಂತಿಗಳು ಡ್ರಮ್ಮಿನೊಳಗಿಂದ ಬಂದ ಹಾಗೆ ಗುಂಯ್ ಅನ್ನುತ್ತಿದ್ದವು, ಲೀಡ್ ನುಡಿಸಿದರೆ ಕಾದ ಎಣ್ಣೆಗೆ ಹಪ್ಪಳ ಬಿಟ್ಟ ಹಾಗೆ ಚರ್ರ್ ಅಂತ ಕಿವಿಗೆ ಚುಚ್ಚುತ್ತಿತ್ತು, ಇಷ್ಟೆಲ್ಲ ಸದ್ದು ಇದ್ದರೂ ಕೀಬೋರ್ಡ್ ಶುರುವಾದ ಕೂಡಲೇ ಗಿಟಾರ್ ಎಲ್ಲಿ ಹೋಯಿತು ಅಂತಲೇ ತಿಳಿಯುತ್ತಿರಲಿಲ್ಲ. ನಮ್ಮ ಗಾಯಕಿ ಒಂದು ದಿನ ಮೆಲ್ಲಗೆ ಕೇಳಿದರು, ಹಳೆ ಡಬ್ಬ ಮತ್ತೆ ತರೋಕೆ ಆಗಲ್ವಾ ಅಂತ. ಮಾಡೆಲರ್ ಮಾರಿಬಿಡೋಣ ಅಂತ ಫೋಟೊ ಕೂಡ ತೆಗೆದಿದ್ದೆ.

ಮಾಡೆಲರ್‌ನದು ತಪ್ಪಿರಲಿಲ್ಲ. ನಮ್ಮ ಕಿವಿ ಇರುವುದೇ ಹಾಗೆ. ಸದ್ದು ಕಡಿಮೆ ಇದ್ದಾಗ ಬಾಸೂ, ತೀರಾ ಮೇಲಿನ ಟ್ರೆಬಲ್ಲೂ ನಮಗೆ ಸರಿಯಾಗಿ ಕೇಳುವುದಿಲ್ಲ. ನಡುವಿನದ್ದು ಮಾತ್ರ ಚೆನ್ನಾಗಿ ಕೇಳುತ್ತದೆ. ಅದಕ್ಕೇ ರಾತ್ರಿ ಕೂತವರು ಎರಡೂ ಕಡೆ ಏರಿಸುತ್ತೇವೆ. ಸದ್ದು ಜೋರಾದಾಗ ಕಿವಿ ಬಾಸನ್ನೂ ಪೂರ್ತಿ ಕೇಳಿಸಿಕೊಳ್ಳುತ್ತದೆ, ಆಗ ರಾತ್ರಿ ಏರಿಸಿದ್ದೆಲ್ಲ ಮೈಮೇಲೆ ಬರುತ್ತದೆ. ಬೆಲ್ ಲ್ಯಾಬ್ಸ್‌ನ ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ ಇದನ್ನು 1933ರಲ್ಲೇ ಅಳೆದು ಗೆರೆ ಹಾಕಿ ತೋರಿಸಿದ್ದರು. ಟ್ಯೂಬ್ ಆಂಪ್ ಇದ್ದಾಗ ಈ ತೊಂದರೆ ನನಗೆ ಬಂದಿರಲಿಲ್ಲ, ಏಕೆಂದರೆ ಅದನ್ನು ಮೆಲ್ಲಗೆ ನುಡಿಸುವ ದಾರಿಯೇ ಇರಲಿಲ್ಲ. ನುಡಿಸುವ ಜೋರಿನಲ್ಲೇ ಗುಂಡಿ ತಿರುಗಿಸುತ್ತಿದ್ದೆ.

ಇನ್ನೊಂದು ಕಾರಣ ಸ್ಪೀಕರಿನದೇ. ಗಿಟಾರ್ ಆಂಪ್ ಒಳಗಿನ ಸ್ಪೀಕರ್ 5 ಸಾವಿರ ಹರ್ಟ್ಸ್ ದಾಟಿದ ಮೇಲೆ ಬೇಗ ಕೈಬಿಡುತ್ತದೆ. ಡಿಸ್ಟಾರ್ಷನ್‌ನ ಒರಟು ಸದ್ದನ್ನೆಲ್ಲ ಅದು ಹೊರಗೆ ಬಿಡುವುದೇ ಇಲ್ಲ. ಪವರ್ಡ್ ಸ್ಪೀಕರ್‌ನ ಟ್ವೀಟರ್ (ಮೇಲಿನ ಸ್ವರಗಳಿಗೆಂದೇ ಇರುವ ಪುಟ್ಟ ಸ್ಪೀಕರ್) ಹಾಗಲ್ಲ, ಮಾತು, ತಾಳ, ಗೆಜ್ಜೆ ಎಲ್ಲ ಸ್ಪಷ್ಟವಾಗಿ ಕೇಳಬೇಕು ಅಂತ ಮಾಡಿದ್ದು, ಕೊಟ್ಟಿದ್ದೆಲ್ಲ ಎತ್ತಿ ಆಡುತ್ತದೆ. ಅದಕ್ಕೆ ಮಾಡೆಲರ್‌ನಲ್ಲಿ ಕ್ಯಾಬ್ ಅಥವಾ ಐಆರ್ ಬ್ಲಾಕ್, ಅಂದರೆ ಗಿಟಾರ್ ಸ್ಪೀಕರಿನ ಸದ್ದನ್ನು ಅನುಕರಿಸುವ ಭಾಗ, ಹಾಕಲೇಬೇಕು. ಅದನ್ನು ನಾನೂ ಹಾಕಿದ್ದೆ. ಆದರೆ ಕ್ಯಾಬ್ ಬ್ಲಾಕ್ ಕೊಡುವುದು ಸ್ಪೀಕರಿನ ಕೋನಿಗೆ (ಅದುರುವ ಕಾಗದದ ಶಂಕುವಿಗೆ) ಮೂಗು ತಾಗಿಸಿ ಇಟ್ಟ ಮೈಕಿನ ಸದ್ದು. ಹಳೆ ಆಂಪನ್ನು ನಾವು ಯಾವತ್ತೂ ಹಾಗೆ ಕೇಳಿದ್ದಿಲ್ಲ, ಹತ್ತು ಅಡಿ ದೂರ ನಿಂತು ಕೇಳಿದ್ದು, ಅಲ್ವಾ?

ಹೊಸನಗರದ ಹತ್ತಿರ ನಮ್ಮ ಹಳೆ ಮನೆ ಇದೆ. ಮುಂದೆ ಅಡಿಕೆ ಒಣಗಿಸುವ ಅಂಗಳ, ಸುತ್ತ ತೋಟ, ಪಕ್ಕದ ಮನೆ ಕಾಲು ಮೈಲಿ ದೂರ. ಸುಗ್ಗಿ ಮುಗಿದು ಅಂಗಳ ಖಾಲಿಯಾದ ಮೇಲೆ ಒಂದು ಭಾನುವಾರ ಸ್ಪೀಕರನ್ನು ಅಲ್ಲಿಗೆ ಒಯ್ದೆ. ಅವತ್ತಿನಿಂದ ಅದೇ ರೂಢಿ. ಬೆಳಗ್ಗೆ ತಿಂಡಿ ಆದ ಮೇಲೆ ಮಾಡೆಲರ್ ಸುತ್ತಿಟ್ಟ ಹಳೆ ಪಂಚೆ ಬಿಚ್ಚುತ್ತೇನೆ. ಆ ಪಂಚೆಯಿಂದಲೇ ತಂತಿ ಒರೆಸುತ್ತೇನೆ, ಮಲೆನಾಡಿನ ತೇವಕ್ಕೆ ತಂತಿ ಬೇಗ ಕಪ್ಪಾಗುತ್ತದೆ. ಅಡುಗೆಮನೆ ಕಿಟಕಿಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆಯುತ್ತೇನೆ. ಸ್ಪೀಕರನ್ನು ನೆಲದ ಮೇಲೆ ಅಡ್ಡ ಮಲಗಿಸಿ ಮುಖ ಮೇಲಕ್ಕೆ ಮಾಡುತ್ತೇನೆ, ವೇದಿಕೆ ಮೇಲೆ ಇಡುವ ಹಾಗೆಯೇ. ನೇರವಾಗಿ ನಿಲ್ಲಿಸಿದರೆ ಟ್ವೀಟರ್ ಮೊಣಕಾಲಿಗೆ ಹಾಡುತ್ತದೆ, ಕಿವಿಗೆ ಅಲ್ಲ. ಆಮೇಲೆ ನಮ್ಮ ಹಾಡುಗಳ ಟ್ರ್ಯಾಕ್ ಇನ್ನೊಂದು ಸ್ಪೀಕರಿನಲ್ಲಿ ಜೋರಾಗಿ ಹಾಕಿ, ಅದರ ಜೊತೆ ನುಡಿಸುತ್ತ, ಎದ್ದು ಹೋಗಿ ಗುಂಡಿ ತಿರುಗಿಸುತ್ತ, ಮತ್ತೆ ಹತ್ತು ಅಡಿ ಹಿಂದೆ ಬಂದು ನುಡಿಸುತ್ತ ಮಧ್ಯಾಹ್ನದ ಊಟದ ತನಕ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. ಅಮ್ಮ ಜಗಲಿಯಲ್ಲಿ ಕೂತು ಯಾವ ಟೋನ್ ಚುಚ್ಚುತ್ತದೆ ಅಂತ ಹೇಳುತ್ತಾರೆ. ಅವರ ಕಿವಿ ನನ್ನ ಕಿವಿಗಿಂತ ಚುರುಕು.

ಮೊದಲ ಭಾನುವಾರವೇ ಅರ್ಧ ಸರಿಹೋಯಿತು. ಕ್ಯಾಬ್ ಬ್ಲಾಕಿನಲ್ಲಿ ಲೋ ಕಟ್ (ಅದರ ಕೆಳಗಿನ ಸದ್ದನ್ನು ಕತ್ತರಿಸುವುದು) 100 ಹರ್ಟ್ಸ್‌ಗೆ ತಂದೆ. ಗಿಟಾರಿನ ದಪ್ಪ ಇ ತಂತಿಯ ಮೂಲ ಸ್ವರ 82 ಹರ್ಟ್ಸ್, ಅದು ಹೋಗಿಬಿಡುತ್ತದೆ ಅಂತ ಹೆದರಿದ್ದೆ. ಏನೂ ಆಗಲಿಲ್ಲ. ಆ ಜಾಗ ಬಾಸ್ ಗಿಟಾರಿನದು, ಅದನ್ನು ನುಡಿಸುವವನಿಗೆ ಬಿಟ್ಟುಕೊಟ್ಟ ಕೂಡಲೇ ನಮ್ಮಿಬ್ಬರ ಸದ್ದೂ ಬೇರೆ ಬೇರೆಯಾಗಿ ಕೇಳಿತು. ಹೈ ಕಟ್ (ಅದರ ಮೇಲಿನದನ್ನು ಕತ್ತರಿಸುವುದು) 6 ಸಾವಿರಕ್ಕೆ ಇಳಿಸಿದೆ, ಹಪ್ಪಳ ನಿಂತಿತು. ಮೈಕನ್ನು ಕೋನಿನ ನಟ್ಟನಡುವಿನಿಂದ ಸ್ವಲ್ಪ ಪಕ್ಕಕ್ಕೆ ಸರಿಸಿದೆ. ಇದು ಮಾಡೆಲರಿನ 3.50 ಅಪ್‌ಡೇಟ್‌ನಲ್ಲಿ ಬಂದ ಹೊಸ ಕ್ಯಾಬ್‌ಗಳಲ್ಲಿ ಆಗುತ್ತದೆ, ಹಾಕಿಕೊಳ್ಳದವರು ದಯವಿಟ್ಟು ಹಾಕಿಕೊಳ್ಳಿ. ಗೇನ್ (ಡಿಸ್ಟಾರ್ಷನ್ ಎಷ್ಟು ಅನ್ನುವುದು) ಮೂರನೇ ಒಂದು ಭಾಗ ತೆಗೆದೆ. ರಿವರ್ಬ್ (ಮಾರ್ದನಿ) ಅರ್ಧ ತೆಗೆದೆ, ಕಲ್ಯಾಣ ಮಂಟಪದ ಗೋಡೆಗಳೇ ಬೇಕಾದಷ್ಟು ರಿವರ್ಬ್ ಕೊಡುತ್ತವೆ. ಮಿಡ್ ಮಾತ್ರ ಏರಿಸಿದೆ. ಮನೆಗೆ ಬಂದು ಮೆಲ್ಲಗೆ ಕೇಳಿದರೆ ಆ ಟೋನ್ ಮಂಕು ಮಂಕು, ಮೂಗಿನಿಂದ ಮಾತಾಡಿದ ಹಾಗೆ. ಬದಲಿಸಲು ಕೈ ತುರಿಸುತ್ತದೆ. ಬದಲಿಸಬೇಡಿ.

ಬೇರೆ ಪಾಠಗಳೂ ಆದವು. ಸ್ಪೀಕರಿನ ಇನ್‌ಪುಟ್ ಮೈಕ್‌ನಲ್ಲಿ ಇದೆಯೋ ಲೈನ್‌ನಲ್ಲಿ ಇದೆಯೋ ನೋಡಿ. ಮಾಡೆಲರ್ ಲೈನ್ ಲೆವೆಲ್ ಕೊಡುತ್ತಿದ್ದು ಇಲ್ಲಿ ಮೈಕ್ ಇದ್ದರೆ ಒಳಗೆ ಹೋಗುವಾಗಲೇ ಒಡೆದುಹೋಗುತ್ತದೆ. ಇನ್ನೊಂದು ಭದ್ರಾವತಿಯಲ್ಲಿ ಆದದ್ದು. ಎಡ ಔಟ್‌ಪುಟ್ ಡಿಐ ಬಾಕ್ಸ್ (ವಾದ್ಯದ ಸಿಗ್ನಲನ್ನು ಮಿಕ್ಸರಿಗೆ ಕಳಿಸುವ ಪುಟ್ಟ ಡಬ್ಬಿ) ಮೂಲಕ ಸೌಂಡ್‌ನವರಿಗೆ, ಬಲ ಔಟ್‌ಪುಟ್ ನನ್ನ ಸ್ಪೀಕರಿಗೆ ಕೊಟ್ಟಿದ್ದೆ. ಲೀಡ್ ಪ್ಯಾಚಿನಲ್ಲಿ ಪಿಂಗ್‌ಪಾಂಗ್ ಡಿಲೇ ಇತ್ತು, ಎಡಕ್ಕೊಂದು ಬಲಕ್ಕೊಂದು ಮರುದನಿ. ಜನರಿಗೆ ಅರ್ಧ ಮರುದನಿ ಮಾತ್ರ ಕೇಳುತ್ತಿತ್ತು, ಉಳಿದರ್ಧ ನನಗೆ. ರೆಕಾರ್ಡಿಂಗ್ ಕೇಳಿದಾಗಲೇ ಗೊತ್ತಾಗಿದ್ದು. ಈಗ ಎಲ್ಲ ಪ್ಯಾಚೂ ಮೋನೊ. ಎಡ ಔಟ್‌ಪುಟ್ ಒಂದೇ ಡಿಐಗೆ, ಡಿಐನ ಥ್ರೂ (ಅದೇ ಸಿಗ್ನಲ್ ಹಾಗೇ ಹೊರಬರುವ ಜಾಕ್) ನನ್ನ ಸ್ಪೀಕರಿಗೆ. ಜನರೇಟರ್ ಲೈನಿನಲ್ಲಿ ಹಮ್ ಬಂದರೆ ಡಿಐನ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿದರೆ ಸಾಮಾನ್ಯವಾಗಿ ಸಾಕು. ಪ್ಲಗ್ಗಿನ ಅರ್ತ್ ಪಿನ್ ಕೀಳುವವರನ್ನು ನೋಡಿದ್ದೇನೆ, ಹಾಗೆ ಯಾವತ್ತೂ ಮಾಡಬೇಡಿ, ಒದ್ದೆ ವೇದಿಕೆ ಮೇಲೆ ಅದು ಜೀವಕ್ಕೇ ಬರುತ್ತದೆ.

ಇಷ್ಟೆಲ್ಲ ಆದರೂ ಕೆಲವು ರಾತ್ರಿ ಅರ್ಧ ಕಾರ್ಯಕ್ರಮ ಚೆನ್ನಾಗಿ ಹೋಗಿ, ಆಮೇಲೆ ಟೋನ್ ಹಾಳಾಗುತ್ತಿತ್ತು. ಕರೆಂಟ್ ಹೋದಾಗ ಮಾಡೆಲರ್ ಕೂಡ ಆಫ್ ಆಗಿ ಮತ್ತೆ ಶುರುವಾಗುತ್ತದೆ, ಸೇವ್ ಮಾಡದ ಬದಲಾವಣೆ ಹೋಗಿಬಿಡುತ್ತದೆ. ಹಾಗಾಗಿ ನನ್ನ ಅನುಮಾನವೆಲ್ಲ ಅದರ ಮೇಲೆ. ಸೌಂಡ್ ಚೆಕ್‌ನಲ್ಲಿ ಮುಟ್ಟಿದ್ದನ್ನೆಲ್ಲ ಸೇವ್ ಮಾಡಲು ಶುರು ಮಾಡಿದೆ. ಆದರೂ ಅದೇ ಕಥೆ. ತೀರ್ಥಹಳ್ಳಿಯ ಒಂದು ಗಣೇಶೋತ್ಸವದಲ್ಲಿ ನಮ್ಮ ರಿದಮ್ ಪ್ಯಾಡ್‌ನವನು ನನ್ನ ಸ್ಪೀಕರಿನ ಹಿಂದೆ ಕೂತಿದ್ದ. ಜನರೇಟರ್ ಬಂದ ಮೇಲೆ ಕೂಗಿ ಹೇಳಿದ, ಏನೋ ನಿನ್ನ ಪರದೆ ಮೇಲೆ ಮ್ಯೂಸಿಕ್ ಅಂತ ಬರೆದಿದೆ, ಆಗ ಬೇರೆ ಏನೋ ಇತ್ತಲ್ಲ ಅಂತ. ಹದಿನಾಲ್ಕು ತಿಂಗಳ ಗೋಳು ಅಷ್ಟೇ. ಪರದೆ ಇರುವುದು ಹಿಂದೆ, ನಾನು ನಿಲ್ಲುವುದು ಮುಂದೆ. ಸರ್ವಿಸ್‌ನವರನ್ನು ಕೇಳಿದೆ, ಅದು ದೋಷ ಅಲ್ಲ, ಅದರ ರೀತಿಯೇ ಹಾಗೆ ಅಂದರು. ನನ್ನ ಪ್ರಕಾರ ಅದು ದೋಷವೇ. ನಮ್ಮ ಊರುಗಳಲ್ಲಿ ಕರೆಂಟ್ ಹೋಗದೆ ಕಾರ್ಯಕ್ರಮ ಮುಗಿಯುವುದು ಕಡಿಮೆ, ಇಲ್ಲಿ ಮಾರುವ ಸ್ಪೀಕರ್ ಕೊನೆಯ ಮೋಡ್ ನೆನಪಿಟ್ಟುಕೊಳ್ಳಲೇಬೇಕು.

ಪರಿಹಾರ ಸಿಕ್ಕಿದ್ದು ತಂಗಿಯ ಹಳೆ ಕಂಪ್ಯೂಟರಿನ ಪಕ್ಕದಲ್ಲಿ. 600 ವಿಎ ಯುಪಿಎಸ್, ಬ್ಯಾಟರಿ ಮಾತ್ರ ಹೊಸದು ಹಾಕಿಸಿದೆ. ಮಾಡೆಲರ್, ಸ್ಪೀಕರ್ ಎರಡೂ ಅದಕ್ಕೆ. ಮನಸ್ಸಿಗೆ ಬಂದಷ್ಟು ಜೋರು ಮಾಡಿದರೆ ಅದು ತಡೆಯುವುದಿಲ್ಲ, ಆದರೆ ಮಾನಿಟರ್‌ಗೆ (ವೇದಿಕೆ ಮೇಲೆ ನಾನು ಕೇಳಿಸಿಕೊಳ್ಳಲು) ಬೇಕಾದಷ್ಟು ಸದ್ದಿಗೆ ಜನರೇಟರ್ ಬರುವ ತನಕ ಸಾಕು. ಬ್ಯಾಟರಿ ಮೇಲೆ ಓಡುವಾಗ ಸಣ್ಣ ಗುಂಯ್ ಸದ್ದು ಬರುತ್ತದೆ. ಹೊರುವ ತೂಕ ಐದು ಕಿಲೋ ಜಾಸ್ತಿಯಾಯಿತು. ಆದರೂ ಹಳೆ ಆಂಪಿಗಿಂತ ಕಡಿಮೆಯೇ.

ಅಲ್ಲಿಂದ ಈಚೆಗೆ ಈ ಸ್ಪೀಕರ್ ಮೇಲೆ ನನಗೆ ಪ್ರೀತಿ ಬಂದಿದೆ, ಸುಳ್ಳು ಹೇಳುವುದಿಲ್ಲ. ಮಾಡೆಲರ್‌ನಲ್ಲಿ ಫೀಡ್‌ಬ್ಯಾಕ್ (ಸ್ಪೀಕರಿನ ಸದ್ದಿಗೆ ತಂತಿ ತಾನೇ ಮಿಡಿಯುತ್ತಾ ಹೋಗುವುದು) ಬರುವುದಿಲ್ಲ ಅಂತ ಸುಮ್ನೆ ಹೇಳುತ್ತಾರೆ. ಬರುವುದಿಲ್ಲ ಅಂದರೆ ಸ್ಪೀಕರ್ ಇಲ್ಲದೆ ಬರೀ ಇಯರ್‌ಫೋನಿನಲ್ಲಿ ಕೇಳಿದಾಗ. ನಾನು ಸ್ಪೀಕರಿನಿಂದ ನಾಲ್ಕು ಅಡಿ ದೂರ, ಸ್ವಲ್ಪ ಓರೆಯಾಗಿ ನಿಂತು ಲೀಡಿನ ಕೊನೆಯ ಸ್ವರ ಹಿಡಿದರೆ ಗಾಳಿ ಬಂದು ತಂತಿಗೆ ತಾಗಿ ಸ್ವರ ಸಾಯುವುದೇ ಇಲ್ಲ, ನಿಧಾನಕ್ಕೆ ಮೇಲಿನ ಸ್ವರಕ್ಕೆ ಅರಳುತ್ತದೆ. ಎದೆಗೆ ತಾಗುತ್ತದೆ. ಮೊದಲ ಸಲ ಅದು ಆದಾಗ ಕಣ್ಣು ತುಂಬಿತ್ತು. ಹೊಸ ಊರಿಗೆ ಹೋದರೆ ಈಗ ಪ್ಯಾಚ್ ಮುಟ್ಟುವುದೇ ಇಲ್ಲ. ಟೊಳ್ಳು ಹಲಗೆಯ ವೇದಿಕೆ ಆದರೆ ಎಲ್ಲ ಪ್ಯಾಚಿಗೂ ಒಟ್ಟಿಗೆ ತಾಗುವ ಗ್ಲೋಬಲ್ ಈಕ್ಯೂನಲ್ಲಿ ಲೋ ಕಟ್ 120ಕ್ಕೆ ಏರಿಸುತ್ತೇನೆ, ಅಷ್ಟೇ. ಲೀಡ್ ಪ್ಯಾಚ್ ರಿದಮ್‌ಗಿಂತ 4 ಡೆಸಿಬಲ್ ಮೇಲೆ. ಸೌಂಡ್‌ನವರು ಯಾರೇ ಇರಲಿ, ಅವರು ಮರೆತರೂ ಲೀಡ್ ಎದ್ದು ಬರುತ್ತದೆ.

ಒಟ್ಟು ಎಪ್ಪತ್ತು ಸಾವಿರ ನನ್ನಂಥವನಿಗೆ ಸಣ್ಣ ಮೊತ್ತ ಅಲ್ಲ. ಕಾರ್ಯಕ್ರಮಗಳಿಂದ ಅದು ವಾಪಸ್ ಬರಲು ಎರಡು ಸೀಸನ್ ಹಿಡಿಯಿತು. ಮಾಡೆಲರನ್ನು ಇನ್ನೊಮ್ಮೆ ಕಣ್ಣು ಮುಚ್ಚಿ ಕೊಳ್ಳುತ್ತೇನೆ. ಸ್ಪೀಕರ್ ಕೊಳ್ಳುವಾಗ ಪ್ಲಗ್ ಕಿತ್ತು ನೋಡಿಯೇ ಕೊಳ್ಳುತ್ತೇನೆ.

ಹೋದ ನವೆಂಬರ್‌ನಲ್ಲಿ ಸಾಗರದ ಹತ್ತಿರ ಒಂದು ರಾಜ್ಯೋತ್ಸವ. ಒಂಬತ್ತೂವರೆ ದಾಟಿತ್ತು, ಹತ್ತಕ್ಕೆ ಮೈಕ್ ನಿಲ್ಲಿಸಬೇಕು, ಎಲ್ಲರಿಗೂ ಅವಸರ. ಒಂದು ಹಳೆ ನಿಧಾನದ ಹಾಡಿನ ನಡುವೆ ಕರೆಂಟ್ ಹೋಯಿತು. ದೀಪ ಇಲ್ಲ, ಮೈಕ್ ಇಲ್ಲ, ಕೀಬೋರ್ಡ್ ಇಲ್ಲ. ನನ್ನ ಗಿಟಾರ್ ಮಾತ್ರ ನಿಲ್ಲಲಿಲ್ಲ. ಯುಪಿಎಸ್ ಬೀಪ್ ಬೀಪ್ ಅನ್ನುತ್ತಿತ್ತು, ನಾನು ಕಾರ್ಡ್ ಬಿಡಿಸುತ್ತ ಹೋದೆ, ಗಾಯಕಿ ಮೈಕ್ ಕೆಳಗಿಳಿಸಿ ಬರೀ ಗಂಟಲಲ್ಲಿ ಪಲ್ಲವಿ ಎತ್ತಿದರು, ಮುಂದಿನ ಸಾಲಿನ ಹೆಂಗಸರು ಜೊತೆಗೆ ಹಾಡಿದರು, ಆಮೇಲೆ ಹಿಂದಿನವರೂ. ಜನರೇಟರ್ ಬಂದು ದೀಪ ಹತ್ತಿದಾಗಲೂ ಅವರು ನಿಲ್ಲಿಸಲಿಲ್ಲ. ನಾನು ಬಗ್ಗಿ ಸ್ಪೀಕರಿನ ಹಿಂದೆ ನೋಡಿದೆ. ಪರದೆ ಮೇಲೆ ಫ್ಲಾಟ್ ಅಂತಲೇ ಇತ್ತು.